ಬಳ್ಳಾರಿಯ ಅಂಜೂರ, ಮಡಕೆಯ ಕುಲ್ಫಿ ಮತ್ತು ಹೊಗೆಯಾಡುವ ಬಟ್ಟಲು

ಬಳ್ಳಾರಿಯ ಏಪ್ರಿಲ್ ತಿಂಗಳಲ್ಲಿ ಸಂಜೆ ಏಳು ಗಂಟೆಯಾದರೂ ಕೋಟೆಗುಡ್ಡದ ಬಂಡೆಗಳು ಕಾವು ಬಿಡುವುದಿಲ್ಲ. ಅಂಥ ಹೊತ್ತಿನಲ್ಲಿ ಅಕ್ಕನ ಇಬ್ಬರು ಮಕ್ಕಳನ್ನು ಕರೆದುಕೊಂಡು, ಗಾಂಧಿನಗರದ ಕಡೆ ಈಚೆಗೆ ಆರಂಭವಾಗಿರುವ ಐಸ್‌ಕ್ರೀಮ್ ಅಂಗಡಿಯೊಂದಕ್ಕೆ ಮೂರು ವಾರಗಳಲ್ಲಿ ನಾಲ್ಕು ಸಲ ಹೋಗಿ ಬಂದಿದ್ದೇನೆ. ಪಟ್ಟಿಯಲ್ಲಿರುವ ಹದಿನೆಂಟು ಬಗೆಗಳಲ್ಲಿ ಹನ್ನೊಂದನ್ನು ತಿಂದು ನೋಡಿದ ಮೇಲೆ ಇದನ್ನು ಬರೆಯುತ್ತಿದ್ದೇನೆ. ಒಂದು ತಿನಿಸಿನ ಬಗ್ಗೆ ನನಗೆ ಗಂಭೀರವಾದ ಆಕ್ಷೇಪಣೆಯಿದೆ. ಅದನ್ನು ಮಾಲೀಕರಿಗೆ ನೇರವಾಗಿಯೇ ತಿಳಿಸಿದ್ದೇನೆ. ಅಂಗಡಿ ಇನ್ನೂ ಹೊಸದು, ತಿದ್ದಿಕೊಳ್ಳಲು ಅವಕಾಶವಿರಲಿ ಎಂಬ ಕಾರಣಕ್ಕೆ ಹೆಸರನ್ನು ಇಲ್ಲಿ ಕೊಟ್ಟಿಲ್ಲ.

ಮೊದಲು ಅಂಜೂರದ ಐಸ್‌ಕ್ರೀಮ್. ಅಂಜೂರದ ತಳಿಯೊಂದಕ್ಕೆ ಬಳ್ಳಾರಿಯ ಹೆಸರೇ ಇದೆ, ಅಷ್ಟರಮಟ್ಟಿಗೆ ಈ ಹಣ್ಣು ನಮ್ಮ ಸೀಮೆಯದು. ಹಾಗಿದ್ದರೂ ನಾನು ಊರಿನಲ್ಲಿ ಇಷ್ಟು ವರ್ಷ ತಿಂದದ್ದು ವೆನಿಲಾದ ಮೇಲೆ ಒಣ ಅಂಜೂರದ ನಾಲ್ಕು ತುಣುಕು ಉದುರಿಸಿದ ಐಸ್‌ಕ್ರೀಮನ್ನೇ. ಇಲ್ಲಿ ತಾಜಾ ಹಣ್ಣನ್ನು ಬಳಸುತ್ತಾರೆ, ಮತ್ತು ಅದು ಸುಲಭದ ಕೆಲಸವಲ್ಲ. ಹಸಿ ಅಂಜೂರದ ಸೊನೆಯಲ್ಲಿ ಫಿಸಿನ್ ಎಂಬ ಕಿಣ್ವವಿದೆ, ಅದು ತಗುಲಿದರೆ ಹಾಲು ಒಡೆಯುತ್ತದೆ. ಆದ್ದರಿಂದ ಹಣ್ಣನ್ನು ಸ್ವಲ್ಪ ಬೆಲ್ಲದೊಂದಿಗೆ ಚೆನ್ನಾಗಿ ಕುದಿಸಿ, ಪೂರ್ತಿ ಆರಿದ ಬಳಿಕವೇ ಕೆನೆಹಾಲಿಗೆ ಸೇರಿಸುತ್ತಾರೆ. ಬಾಯಿಗಿಟ್ಟಾಗ ಮೊದಲು ಹಾಲಿನ ತಂಪು, ಆಮೇಲೆ ಬೆಲ್ಲದ ಕಮ್ಮನೆಯ ಸಿಹಿ, ಕೊನೆಗೆ ಹಲ್ಲಿನಡಿ ಸಿಕ್ಕುವ ಅಂಜೂರದ ಸಣ್ಣ ಬೀಜಗಳು. ಆ ಬೀಜಗಳನ್ನು ಸೋಸಿ ತೆಗೆಯದೆ ಉಳಿಸಿಕೊಂಡಿರುವುದು ಬಹಳ ಒಳ್ಳೆಯ ತೀರ್ಮಾನ, ಏಕೆಂದರೆ ತಿನ್ನುತ್ತಿರುವುದು ಯಾವ ಹಣ್ಣೆಂಬುದನ್ನು ನಾಲಿಗೆಗೆ ಹೇಳುವುದೇ ಅವು. ಒಂದು ಬಟ್ಟಲಿಗೆ 70 ರೂಪಾಯಿ.

ಆದರೆ ನನ್ನನ್ನು ಮತ್ತೆ ಮತ್ತೆ ಅಲ್ಲಿಗೆ ಎಳೆದದ್ದು ಮಡಕೆಯ ಕುಲ್ಫಿ. ಅಂಗಡಿಯ ಹಿಂಭಾಗದಲ್ಲಿ ಎಮ್ಮೆಹಾಲನ್ನು ಮೂರನೆಯ ಒಂದು ಪಾಲಿಗೆ ಇಳಿಯುವವರೆಗೆ ಸಣ್ಣ ಉರಿಯಲ್ಲಿ ಕಾಯಿಸಿ, ಏಲಕ್ಕಿ ಮತ್ತು ಪಿಸ್ತಾ ಬೆರೆಸಿ, ತಗಡಿನ ಅಚ್ಚುಗಳಿಗೆ ತುಂಬಿ, ಮುಚ್ಚಳದ ಸಂದಿಗೆ ಮೈದಾಹಿಟ್ಟು ಮೆತ್ತಿ, ಮಂಜುಗಡ್ಡೆ ಮತ್ತು ಕಲ್ಲುಪ್ಪು ತುಂಬಿದ ದೊಡ್ಡ ಮಡಕೆಯಲ್ಲಿ ಹುಗಿಯುತ್ತಾರೆ. ಫ್ರೀಜರ್ ಇದ್ದರೂ ಈ ಶ್ರಮವೇಕೆ ಎಂದು ಕೇಳಿದಾಗ ಮಾಲೀಕರ ತಾಯಿ, "ಹಾಲು ಬತ್ತೋತನಕ ಕಾಯಬೇಕಪ್ಪಾ, ಉಪ್ಪು ಹಿಡಿಯೋತನಕ ಕಾಯಬೇಕು, ಅವಸರ ಮಾಡಿದ್ರೆ ಅದು ಕುಲ್ಫಿ ಅಲ್ಲ" ಎಂದರು. ಉಪ್ಪು ಹಿಡಿಯುವುದೆಂದರೆ ಇಷ್ಟು: ಉಪ್ಪು ಬೆರೆತ ಮಂಜುಗಡ್ಡೆ ಸೊನ್ನೆ ಡಿಗ್ರಿಗಿಂತ ಕೆಳಗೂ ಕರಗುತ್ತಲೇ ಇರುತ್ತದೆ, ಕರಗಲು ಬೇಕಾದ ಶಾಖವನ್ನು ಪಕ್ಕದ ಹಾಲಿನಿಂದ ಎಳೆದುಕೊಳ್ಳುತ್ತದೆ. ಪ್ರಮಾಣ ಸರಿಯಾಗಿದ್ದರೆ ಈ ಮಿಶ್ರಣ ಮೈನಸ್ 21 ಡಿಗ್ರಿ ಸೆಲ್ಸಿಯಸ್‌ವರೆಗೂ ಇಳಿಯಬಲ್ಲದು. ಕುಲ್ಫಿಯನ್ನು ಕಡೆಯುವುದಿಲ್ಲವಾದ್ದರಿಂದ ಒಳಗೆ ಗಾಳಿ ಸೇರುವುದಿಲ್ಲ. ಅದಕ್ಕೇ ಅದು ಗಟ್ಟಿಯಾಗಿ, ನಿಧಾನವಾಗಿ ಕರಗುತ್ತದೆ. ನಮ್ಮ ಊರಿನ ಬಿಸಿಲಿಗೆ ಇದಕ್ಕಿಂತ ಹೊಂದುವ ತಿನಿಸು ಮತ್ತೊಂದಿಲ್ಲವೆಂದು ನಾನು ನಂಬಿದ್ದೇನೆ.

ಈ ವಿದ್ಯೆ ಎಷ್ಟು ಹಳೆಯದೆಂಬುದನ್ನು ನೆನೆದರೆ ಕುಲ್ಫಿಯ ರುಚಿ ಇನ್ನೂ ಹೆಚ್ಚುತ್ತದೆ. ಅಕ್ಬರನ ಆಸ್ಥಾನದ ಅಬುಲ್ ಫಜಲ್ 'ಐನ್-ಇ-ಅಕ್ಬರಿ'ಯಲ್ಲಿ ಪೆಟ್ಲುಪ್ಪು (ಸಿಡಿಮದ್ದಿಗೆ ಬಳಸುವ ಲವಣ) ಕರಗಿಸಿದ ನೀರಿನಲ್ಲಿ ಕುಡಿಯುವ ನೀರಿನ ಪಾತ್ರೆಯನ್ನು ಆಡಿಸಿ ತಣ್ಣಗಾಗಿಸುವ ವಿಧಾನವನ್ನು ಬರೆದಿದ್ದಾನೆ. ಉತ್ತರದ ಬೆಟ್ಟಗಳಿಂದ ಲಾಹೋರಿಗೆ ಹಿಮ ತರಿಸುತ್ತಿದ್ದುದನ್ನೂ ಹೇಳಿದ್ದಾನೆ. ಕುಲ್ಫಿ ಎಂಬ ಹೆಸರೂ ಫಾರಸಿಯಿಂದ ಬಂದದ್ದು, ಮುಚ್ಚಳವಿರುವ ಬಟ್ಟಲು ಎಂಬುದು ಅದರ ಅರ್ಥ. ಹಿಮವಿಲ್ಲದ ನಮ್ಮ ದಕ್ಷಿಣಕ್ಕೆ ಮಂಜುಗಡ್ಡೆ ಬಂದ ಕಥೆಯಂತೂ ವಿಸ್ಮಯದ್ದೇ. 1833ರಲ್ಲಿ ಫ್ರೆಡರಿಕ್ ಟ್ಯೂಡರ್ ಎಂಬ ವ್ಯಾಪಾರಿ ಅಮೆರಿಕದ ಬಾಸ್ಟನ್ನಿನಿಂದ 180 ಟನ್ ಮಂಜುಗಡ್ಡೆಯನ್ನು ಹಡಗಿನಲ್ಲಿ ಕಲ್ಕತ್ತೆಗೆ ಕಳುಹಿಸಿದ; ನಾಲ್ಕು ತಿಂಗಳ ಸಮುದ್ರಯಾನ ಮುಗಿದಾಗ ಅದರಲ್ಲಿ ಸುಮಾರು 100 ಟನ್ ಉಳಿದಿತ್ತು. ಆತನ ಮಂಜುಗಡ್ಡೆಯನ್ನು ಇಡಲು ಮದರಾಸಿನ ಕಡಲತೀರದಲ್ಲಿ 1842ರಲ್ಲಿ ಕಟ್ಟಿದ ಐಸ್ ಹೌಸ್ ಇಂದಿಗೂ ವಿವೇಕಾನಂದರ ಹೆಸರಿನಲ್ಲಿ ನಿಂತಿದೆ. ಬಳ್ಳಾರಿ ಆಗ ಮದರಾಸು ಪ್ರಾಂತಕ್ಕೇ ಸೇರಿತ್ತು. 1843ರಲ್ಲಿ ಅಮೆರಿಕದ ನ್ಯಾನ್ಸಿ ಜಾನ್ಸನ್ ಎಂಬ ಮಹಿಳೆ ಪೇಟೆಂಟ್ ಪಡೆದ, ಕೈಯಿಂದ ತಿರುಗಿಸುವ ಐಸ್‌ಕ್ರೀಮ್ ಯಂತ್ರವೂ ಕೆಲಸ ಮಾಡುತ್ತಿದ್ದುದು ಉಪ್ಪು ಬೆರೆಸಿದ ಮಂಜುಗಡ್ಡೆಯಿಂದಲೇ.

ಈಗ ಆಕ್ಷೇಪಣೆಯ ವಿಷಯ. ಅಂಗಡಿಯ ಮುಂದಿನ ಫಲಕದಲ್ಲಿ ದೊಡ್ಡದಾಗಿ ಹಾಕಿರುವುದು ಕುಲ್ಫಿಯ ಚಿತ್ರವನ್ನಲ್ಲ, ಹೊಗೆಯಾಡುವ ನೈಟ್ರೋಜನ್ ಐಸ್‌ಕ್ರೀಮಿನ ಚಿತ್ರವನ್ನು. ದ್ರವರೂಪದ ನೈಟ್ರೋಜನ್ ಮೈನಸ್ 196 ಡಿಗ್ರಿಯಲ್ಲಿ ಕುದಿಯುತ್ತದೆ. ಅದನ್ನು ಸುರಿದು ಕಲಸಿದರೆ ಹಾಲು ಕ್ಷಣಗಳಲ್ಲಿ ಹೆಪ್ಪುಗಟ್ಟುವುದರಿಂದ ಮಂಜಿನ ಹರಳುಗಳು ದೊಡ್ಡದಾಗಿ ಬೆಳೆಯುವುದಿಲ್ಲ, ಐಸ್‌ಕ್ರೀಮ್ ಬೆಣ್ಣೆಯಂತೆ ನುಣುಪಾಗುತ್ತದೆ. ವಿಧಾನದಲ್ಲಿ ದೋಷವಿಲ್ಲ, ಮಾವಿನ ಹಣ್ಣಿನ ಆ ಬಟ್ಟಲು ನಿಜಕ್ಕೂ ನುಣುಪಾಗಿಯೇ ಇತ್ತು. ಆದರೆ ಎರಡನೆಯ ಭೇಟಿಯಲ್ಲಿ ಬಟ್ಟಲಿನ ತಳದಲ್ಲಿ ದ್ರವ ಇನ್ನೂ ಕುದಿಯುತ್ತಿರುವಾಗಲೇ ಅದನ್ನು ಏಳು ವರ್ಷದ ಹುಡುಗಿಯ ಕೈಗೆ ಕೊಟ್ಟರು. ನಾನು ಕಿತ್ತುಕೊಂಡು ಪಕ್ಕಕ್ಕಿಟ್ಟೆ, ಅವಳು ಅತ್ತಳು. 2024ರಲ್ಲಿ ದಾವಣಗೆರೆಯಲ್ಲಿ ದ್ರವ ನೈಟ್ರೋಜನ್ ಹಾಕಿ ಕೊಡುವ ಹೊಗೆ ಬಿಸ್ಕತ್ತು ತಿಂದ ಬಾಲಕನೊಬ್ಬ ಅಸ್ವಸ್ಥನಾದ ಬಳಿಕ, ನೈಟ್ರೋಜನ್ ಪೂರ್ತಿ ಆವಿಯಾಗುವ ಮೊದಲು ತಿನಿಸನ್ನು ಗ್ರಾಹಕರಿಗೆ ಕೊಡಬಾರದೆಂದು ನಮ್ಮ ರಾಜ್ಯದ ಆಹಾರ ಸುರಕ್ಷತಾ ಇಲಾಖೆಯೇ ಆದೇಶಿಸಿದೆ. ಒಂದು ಹನಿ ದ್ರವ ಆವಿಯಾದಾಗ ಸುಮಾರು 700 ಪಟ್ಟು ಹಿಗ್ಗುತ್ತದೆ. ಅದು ಹೊಟ್ಟೆಯೊಳಗೆ ನಡೆದರೆ ಗತಿಯೇನು? ಮಾಲೀಕರು ನನ್ನ ಮಾತನ್ನು ತಾಳ್ಮೆಯಿಂದ ಕೇಳಿದರು. ನಾಲ್ಕನೆಯ ಸಲ ಹೋದಾಗ ಹೊಗೆ ಪೂರ್ತಿ ಅಡಗುವವರೆಗೆ ಬಟ್ಟಲನ್ನು ಕಟ್ಟೆಯ ಒಳಗೇ ಇರಿಸಿಕೊಂಡಿದ್ದನ್ನು ನೋಡಿದೆ. ಈ ಪದ್ಧತಿ ಮಾಲೀಕರು ಇಲ್ಲದ ದಿನವೂ ನಡೆಯಬೇಕು.

ಉಳಿದವುಗಳಲ್ಲಿ ಕರಿದ ಐಸ್‌ಕ್ರೀಮಿನ ಹೊರಪದರ ಗರಿಗರಿಯಾಗಿತ್ತು, ಎಣ್ಣೆ ಮಾತ್ರ ಹಳೆಯದು. ಹಸಿಮೆಣಸಿನಕಾಯಿ ಬೆರೆಸಿದ ಸೀಬೆಹಣ್ಣಿನ ಐಸ್‌ಕ್ರೀಮ್ ಖಾರ ತಿಂದು ಬೆಳೆದ ನಮ್ಮವರಿಗೆ ಖಂಡಿತ ಹಿಡಿಸುತ್ತದೆ. ವೀಳ್ಯದೆಲೆಯದು ಗುಲ್ಕಂದದ ಸಿಹಿಯಲ್ಲಿ ಮುಳುಗಿಹೋಗಿತ್ತು.

ಮೆಚ್ಚಲೇಬೇಕಾದ ಇನ್ನೊಂದು ಸಂಗತಿಯಿದೆ. ಹೊರಗಿನಿಂದ ತರಿಸುವ ಕೋನುಗಳ ಮುಂದೆ 'ಫ್ರೋಜನ್ ಡೆಸರ್ಟ್' ಎಂದು ಕನ್ನಡದಲ್ಲೇ ಬರೆದು ನಿಲ್ಲಿಸಿದ್ದಾರೆ. ನಮ್ಮ ದೇಶದ ನಿಯಮದಂತೆ ಸಾಮಾನ್ಯ ಐಸ್‌ಕ್ರೀಮಿನಲ್ಲಿ ಕನಿಷ್ಠ ನೂರಕ್ಕೆ 10ರಷ್ಟು ಹಾಲಿನ ಕೊಬ್ಬು ಇರಬೇಕು; ಹಾಲಿನ ಕೊಬ್ಬಿನ ಬದಲು ವನಸ್ಪತಿ ಕೊಬ್ಬು ಬಳಸಿದರೆ ಅದನ್ನು ಐಸ್‌ಕ್ರೀಮ್ ಎಂದು ಮಾರುವಂತಿಲ್ಲ. ಪೊಟ್ಟಣದ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಅಡಗಿರುವ ಈ ಮಾತನ್ನು ಗ್ರಾಹಕನ ಕಣ್ಣಿಗೆ ಬೀಳುವಂತೆ ಬರೆದಿಟ್ಟಿದ್ದನ್ನು ಬೇರೆ ಅಂಗಡಿಯಲ್ಲಿ ನಾನು ಕಂಡಿಲ್ಲ.

ಕೂರಲು ಆರು ಮೇಜುಗಳಷ್ಟೇ ಇವೆ, ಭಾನುವಾರ ನಿಂತೇ ತಿನ್ನಬೇಕಾಗುತ್ತದೆ. ಕುಲ್ಫಿಗೆ 50 ರೂಪಾಯಿ. ದಿನಕ್ಕೆ ಒಂದೇ ಮಡಕೆ ಮಾಡುವುದರಿಂದ ಎಂಟೂವರೆಯ ಹೊತ್ತಿಗೆ ಅದು ಖಾಲಿಯಾಗಿರುತ್ತದೆ. ಅದನ್ನೇ ತಿನ್ನಬೇಕೆಂದಿರುವವರು ಏಳು ಗಂಟೆಯೊಳಗೆ ಹೋಗಿ.