ಎಂಟು ಇಂಚಿನ ಕನ್ನಡಿಯೋ, 72 ಮಿಲಿಮೀಟರ್ ಮಸೂರವೋ? ನೀಹಾರಿಕೆಗಳ ಚಿತ್ರಕ್ಕೆ ನನ್ನ ಆಯ್ಕೆ

ಮೊದಲೇ ಹೇಳಿಬಿಡುತ್ತೇನೆ, ನೀಹಾರಿಕೆಗಳೆಂಬ ಅನಿಲ, ಧೂಳಿನ ಮೋಡಗಳ ಚಿತ್ರ ತೆಗೆಯಲು ನನ್ನ ಪಕ್ಷಪಾತ ಚಿಕ್ಕ ದೂರದರ್ಶಕದ ಕಡೆಗೆ. ಅಕ್ಕನ ಗಂಡ ಬಹಳ ಆಸೆಯಿಂದ ತರಿಸಿಕೊಂಡಿದ್ದ ಎಂಟು ಇಂಚಿನ ನ್ಯೂಟೋನಿಯನ್ (ಕನ್ನಡಿಯಿಂದ ಬೆಳಕು ಹಿಡಿಯುವ) ದೂರದರ್ಶಕದಲ್ಲಿ ಒಂದು ಇಡೀ ಚಳಿಗಾಲ ಚಿತ್ರ ತೆಗೆದ ಮೇಲೆಯೇ ನಾನು ಸ್ವಂತಕ್ಕೆ 72 ಮಿಲಿಮೀಟರ್ ಮಸೂರದ ದೂರದರ್ಶಕವನ್ನು ಕೊಂಡದ್ದು. ಎರಡನ್ನೂ ಕೂರಿಸಿದ್ದು ಒಂದೇ ಮೌಂಟಿನ (ನಕ್ಷತ್ರಗಳ ಜೊತೆಗೆ ದೂರದರ್ಶಕವನ್ನು ತಿರುಗಿಸುವ ಮೋಟರಿನ ಪೀಠ) ಮೇಲೆ, ಹಚ್ಚಿದ್ದು ಒಂದೇ ಕ್ಯಾಮೆರಾ, ಜಾಗವೂ ಒಂದೇ: ಸಕಲೇಶಪುರದ ಆಚೆ ಭಾವನ ತೋಟದಲ್ಲಿರುವ ಕಾಫಿ ಕಣ. ಹಾಗಾಗಿ ವ್ಯತ್ಯಾಸ ಕಂಡಿದ್ದರೆ ಅದು ಕೊಳವೆಯದ್ದೇ.

ಪೊಟ್ಟಣ ಬಿಚ್ಚಿದಾಗ ಭಾವ ನಕ್ಕಿದ್ದರು. "ಏನಯ್ಯಾ, ಇಷ್ಟು ಪುಟ್ಟ ಕೊಳವೆಯಲ್ಲಿ ಏನು ಕಂಡೀತು? ಕುದುರೆ ತಲೆ ನೀಹಾರಿಕೆ ಮೊದಲು ಸಿಕ್ಕಿದ್ದೇ ಎಂಟು ಇಂಚಿನದರಲ್ಲಿ!" ಅವರ ಮಾತು ಸುಳ್ಳಲ್ಲ. 1888ರಲ್ಲಿ ಹಾರ್ವರ್ಡ್ ವೀಕ್ಷಣಾಲಯದ ವಿಲಿಯಮಿನಾ ಫ್ಲೆಮಿಂಗ್ ಅದನ್ನು ಗುರುತಿಸಿದ್ದು ಎಂಟು ಇಂಚಿನ ದೂರದರ್ಶಕದಲ್ಲಿ ತೆಗೆದ ಗಾಜಿನ ಫಲಕದ ಮೇಲೆ. ಆದರೆ ಅದು ಕನ್ನಡಿಯದ್ದಲ್ಲ, ಮಸೂರದ್ದು ಎಂದು ಹೇಳುವಷ್ಟು ಓದಿಕೊಂಡೇ ನಾನು ಹೋಗಿದ್ದೆ.

ದೊಡ್ಡ ಕನ್ನಡಿ ಎಂದರೆ ಹೆಚ್ಚು ಬೆಳಕು, ಹೆಚ್ಚು ಬೆಳಕೆಂದರೆ ಮಸುಕು ನೀಹಾರಿಕೆಯೂ ಬೇಗ ಮೂಡುತ್ತದೆ ಎಂಬುದು ಎಲ್ಲರ ಲೆಕ್ಕ. ಭಾವನ ಎಂಟು ಇಂಚಿನ, ಅಂದರೆ 200 ಮಿಲಿಮೀಟರ್ ಕನ್ನಡಿ ನನ್ನ ಮಸೂರಕ್ಕಿಂತ ಸುಮಾರು ಎಂಟು ಪಟ್ಟು ಬೆಳಕನ್ನು ಹಿಡಿಯುತ್ತದೆ, ನಿಜ. ಆದರೆ ಅದರ ನಾಭಿದೂರ 1000 ಮಿಲಿಮೀಟರ್, ನನ್ನದರದ್ದು 430ರ ಆಸುಪಾಸು. ನಾಭಿದೂರ ಹೆಚ್ಚಿದಷ್ಟೂ ಚಿತ್ರ ದೊಡ್ಡದಾಗಿ, ಬೆಳಕು ಹೆಚ್ಚು ಜಾಗಕ್ಕೆ ಹರಡಿಹೋಗುತ್ತದೆ. ಹಿಟ್ಟು ಎಂಟು ಸೌಟು ಇದ್ದರೂ ಕಾವಲಿ ಐದು ಪಟ್ಟಿಗೂ ದೊಡ್ಡದು. ದೋಸೆಯ ದಪ್ಪ ಹೆಚ್ಚುವುದು ಒಂದೂವರೆ ಪಟ್ಟಿಗಿಂತ ಕಡಿಮೆಯೇ. ನಾಭಿದೂರವನ್ನು ಕನ್ನಡಿ ಅಥವಾ ಮಸೂರದ ಅಗಲದಿಂದ ಭಾಗಿಸಿದರೆ ಬರುವ ಎಫ್/5 ಮತ್ತು ಎಫ್/6 ನಡುವಿನ ಅಂತರ ಅಷ್ಟೇ. ಭಾವನದು ಎರಡು ಗಂಟೆಯಲ್ಲಿ ಕೊಡುವುದನ್ನು ನನ್ನದು ಮೂರು ಗಂಟೆಯೊಳಗೆ ಕೊಡುತ್ತದೆ. ಕನ್ನಡಿಯ ಮುಂದೆ ಕುಳಿತ ಚಿಕ್ಕ ಕನ್ನಡಿ ತಡೆಯುವ ಬೆಳಕನ್ನು ಕಳೆದರೆ ಅಂತರ ಇನ್ನೂ ತಗ್ಗುತ್ತದೆ.

ಇನ್ನೊಂದು ವಿಷಯ. ನೀಹಾರಿಕೆಗಳು ಮಸುಕಾಗಿವೆಯೇ ಹೊರತು ಚಿಕ್ಕವಲ್ಲ. ಏಕಶೃಂಗಿ ನಕ್ಷತ್ರಪುಂಜದ ರೋಸೆಟ್ ನೀಹಾರಿಕೆ ಎರಡೂವರೆ ಹುಣ್ಣಿಮೆ ಚಂದ್ರರಷ್ಟು ಅಗಲ. ಪರ್ಸಿಯಸ್ ನಕ್ಷತ್ರಪುಂಜದಲ್ಲಿರುವ ಕ್ಯಾಲಿಫೋರ್ನಿಯಾ ನೀಹಾರಿಕೆ ಐದು ಚಂದ್ರರಷ್ಟು ಉದ್ದ. ಭಾವನ ಕೊಳವೆಗೆ ನನ್ನ ಎಪಿಎಸ್-ಸಿ (ಮಧ್ಯಮ ಗಾತ್ರದ ಸಂವೇದಕದ) ಕ್ಯಾಮೆರಾ ಹಚ್ಚಿದರೆ ಒಂದೂಕಾಲು ಡಿಗ್ರಿಗೆ ತುಸು ಹೆಚ್ಚು ಅಗಲ, ಒಂದು ಡಿಗ್ರಿಗೂ ಕಡಿಮೆ ಎತ್ತರದ ಆಕಾಶ ಸಿಗುತ್ತದೆ. ಅದರಲ್ಲಿ ರೋಸೆಟ್‌ನ ಮೇಲಿನ ಎಸಳೂ ಕೆಳಗಿನ ಎಸಳೂ ಕತ್ತರಿಸಿ ಹೋಗುತ್ತವೆ. ಪೂರ್ತಿ ಬೇಕೆಂದರೆ ತುಂಡು ತುಂಡಾಗಿ ತೆಗೆದು ಹೊಲಿಯಬೇಕು. ನನ್ನದರಲ್ಲಿ ಮೂರು ಡಿಗ್ರಿ ಅಗಲ ಸಿಗುವುದರಿಂದ ಕ್ಯಾಲಿಫೋರ್ನಿಯಾ ಕೂಡ ಇಡಿಯಾಗಿ ಕೂರುತ್ತದೆ.

ಇನ್ನು ನನ್ನ ತಾಳ್ಮೆ ತಿಂದ ಸಂಗತಿಗೆ ಬರುತ್ತೇನೆ. ಅದು ನಮ್ಮ ಊರಿನ ಅಕ್ಷಾಂಶ, 13 ಡಿಗ್ರಿ.

ಈ ಮೌಂಟ್‌ಗಳ ಮುಖ್ಯ ಅಕ್ಷ ಆಕಾಶದ ಧ್ರುವದತ್ತ, ಅಂದರೆ ನಕ್ಷತ್ರಗಳೆಲ್ಲ ಸುತ್ತುವಂತೆ ಕಾಣುವ ಬಿಂದುವಿನತ್ತ ಮುಖ ಮಾಡಬೇಕು. ಊರಿನ ಅಕ್ಷಾಂಶ ಎಷ್ಟೋ ಆ ಬಿಂದು ದಿಗಂತದಿಂದ ಅಷ್ಟೇ ಡಿಗ್ರಿ ಮೇಲಿರುತ್ತದೆ. ಯುರೋಪಿನಲ್ಲಿ ಐವತ್ತು ಡಿಗ್ರಿಗೆ ಎದ್ದು ನಿಲ್ಲುವ ಅಕ್ಷ ಹಾಸನ ಜಿಲ್ಲೆಯಲ್ಲಿ ಹೆಚ್ಚುಕಡಿಮೆ ಮಲಗಿಬಿಡುತ್ತದೆ. ಅದು ಮಲಗಿದರೆ ಅದಕ್ಕೆ ಅಡ್ಡಲಾಗಿರುವ ಸಮತೋಲನದ ಸರಳು, ತುದಿಯ ತೂಕದ ಬಿಲ್ಲೆಗಳ ಸಮೇತ, ನೆಟ್ಟಗೆ ಕೆಳಗೆ ತೂಗುತ್ತದೆ. ತೂಗುವುದು ಎಲ್ಲಿಗೆ? ಟ್ರೈಪಾಡಿನ ಉತ್ತರದ ಕಾಲಿಗೆ. ಭಾವನ ಕೊಳವೆಯೊಂದೇ ಒಂಬತ್ತು ಕಿಲೋದಷ್ಟಿದೆ. ಕ್ಯಾಮೆರಾ, ಗುರಿ ತಪ್ಪದಂತೆ ನೋಡಿಕೊಳ್ಳುವ ಗೈಡ್ ದೂರದರ್ಶಕ ಎಲ್ಲ ಸೇರಿದರೆ ಐದೈದು ಕಿಲೋದ ಬಿಲ್ಲೆಗಳು ಎರಡು ಸಾಲದೆ ಮೂರನೆಯದೂ ಬೇಕಾಗುತ್ತದೆ, ಅದೂ ಸರಳಿನ ತುದಿಯಲ್ಲೇ. ಮೌಂಟ್ ತನ್ನ ಆರಂಭದ ಸ್ಥಾನದಲ್ಲಿ ನಿಂತಾಗಲೇ ಕೊನೆಯ ಬಿಲ್ಲೆ ಕಾಲಿಗೆ ತಾಗಿಕೊಂಡಿರುತ್ತಿತ್ತು.

ಇದಕ್ಕೊಂದು ಉಪಾಯ ಮಾಡಿಕೊಂಡಿದ್ದೆವು. ಮೊದಲು ಮೌಂಟನ್ನು ಒಂದು ಪಕ್ಕಕ್ಕೆ ತಿರುಗಿಸಿ, ಆಮೇಲೆ ಕೊನೆಯ ಬಿಲ್ಲೆಯನ್ನು ಹಾಕುವುದು. ಎಚ್ಚರವಾಗಿದ್ದಾಗ ಇದು ನಡೆಯುತ್ತದೆ. ಆದರೆ ರಾತ್ರಿಯ ಕೆಲಸ ಮುಗಿದ ಮೇಲೆ ಕಂಪ್ಯೂಟರ್ ತಾನೇ ಮೌಂಟನ್ನು ಆರಂಭದ ಸ್ಥಾನಕ್ಕೆ ಮರಳಿಸುತ್ತದೆಯಲ್ಲ, ಅದಕ್ಕೆ ನಮ್ಮ ಉಪಾಯದ ಅರಿವಿಲ್ಲ. ಒಂದು ಬೆಳಗಿನ ಜಾವ ಮೋಟರು ಗೊರಗೊರ ಅನ್ನುವ ಸದ್ದು ಜಗಲಿಯವರೆಗೂ ಕೇಳಿಸಿತು. ಬಿಲ್ಲೆ ಕಾಲಿಗೆ ಒತ್ತಿ ನಿಂತಿದೆ, ಹಲ್ಲಿನ ಚಕ್ರ ಮಾತ್ರ ತಿರುಗಲು ಹೆಣಗುತ್ತಿದೆ. ಕಾಲಿನ ಬಣ್ಣ ಉಗುರಿನಗಲ ಕಿತ್ತು ಬಂದಿತ್ತು. ಆಮೇಲೆ ಹಾಸನದ ಲೇತ್ ಅಂಗಡಿಯಲ್ಲಿ ಒಂದು ಗೇಣು ಎತ್ತರದ ಕಬ್ಬಿಣದ ಕೊಳವೆ ಮಾಡಿಸಿ ಟ್ರೈಪಾಡಿಗೂ ಮೌಂಟಿಗೂ ನಡುವೆ ಕೂರಿಸಿದೆವು. ಬಿಲ್ಲೆ ಕಾಲನ್ನು ಬಿಟ್ಟಿತು, ಆದರೆ ಭಾವನ ಮೀಟರ್ ಉದ್ದದ ದೂರದರ್ಶಕ ಇನ್ನಷ್ಟು ಮೇಲೇರಿ, ಸಣ್ಣ ಗಾಳಿಗೂ ಅಲುಗಾಡತೊಡಗಿತು. ಸಾವಿರ ಮಿಲಿಮೀಟರ್ ನಾಭಿದೂರದಲ್ಲಿ ಸ್ವಲ್ಪ ಅಲುಗಿದರೂ ನಕ್ಷತ್ರ ಗೆರೆಯಾಗುತ್ತದೆ.

ನನ್ನ ಚಿಕ್ಕ ಕೊಳವೆಗೆ ಒಂದೇ ಬಿಲ್ಲೆ ಸಾಕು, ಅದೂ ಸರಳಿನ ಮೇಲ್ತುದಿಯಲ್ಲಿ. ಕಾಲಿನ ಸುದ್ದಿಗೇ ಹೋಗುವುದಿಲ್ಲ.

ಅದೇ 13 ಡಿಗ್ರಿಯ ಇನ್ನೊಂದು ಕಾಟ ಧ್ರುವ ನಕ್ಷತ್ರದ್ದು. ಅದು ನಮಗೆ ದಿಗಂತದಿಂದ ಅಷ್ಟೇ ಎತ್ತರದಲ್ಲಿದೆ. ಇಪ್ಪತ್ತು ಮೀಟರ್ ಎತ್ತರದ ಸಿಲ್ವರ್ ಓಕ್ ಮರ ಎಂಬತ್ತೈದು ಮೀಟರ್ ದೂರದಲ್ಲಿದ್ದರೂ ಅದನ್ನು ಮುಚ್ಚಿಬಿಡುತ್ತದೆ. ಭಾವನ ಕಣದ ಉತ್ತರಕ್ಕೆ ಅಂಥ ಮರಗಳದ್ದೇ ಸಾಲು, ಮೇಲೆ ಮೆಣಸಿನ ಬಳ್ಳಿ ಬೇರೆ. ಮರ ಕಡಿಯಿರಿ ಎಂದು ಪ್ಲಾಂಟರಿಗೆ ಹೇಳುವ ಧೈರ್ಯ ನನಗಿಲ್ಲ. ಕ್ಯಾಮೆರಾದಿಂದ ಆಕಾಶದ ಮೂರು ಕಡೆಯ ಚಿತ್ರ ತೆಗೆದು, ಅಕ್ಷ ಎಷ್ಟು ಓರೆಯಾಗಿದೆ ಎಂದು ತಂತ್ರಾಂಶದಿಂದ ಲೆಕ್ಕ ಹಾಕಿಸುವುದೇ ಇಲ್ಲಿ ದಾರಿ. ಚಿಕ್ಕ ನಾಭಿದೂರಕ್ಕೆ ಒಂದಿಷ್ಟು ಓರೆ ಇದ್ದರೂ ನಡೆಯುತ್ತದೆ. ದೊಡ್ಡದರಲ್ಲಿ ತಿರುಪನ್ನು ಕೂದಲೆಳೆಯಷ್ಟು ತಿರುಗಿಸುತ್ತಾ ಅರ್ಧ ರಾತ್ರಿ ಕಳೆಯುತ್ತದೆ.

ಭಾವನ ಕೊಳವೆಯ ಎರಡು ಕನ್ನಡಿಗಳ ಹೊಂದಾಣಿಕೆ: ಹಾಸನದಿಂದ ಕಾರಿನಲ್ಲಿ ಸಾಗಿಸಿದಾಗಲೆಲ್ಲ ಕದಲುತ್ತದೆ. ತೋಟದ ರಸ್ತೆ ಹೇಗಿರುತ್ತದೆಂದು ಈ ಕಡೆಯವರಿಗೆ ವಿವರಿಸಬೇಕಿಲ್ಲ. ಮಸೂರಕ್ಕೆ ಆ ರಗಳೆ ಇಲ್ಲ.

ಅಂಚಿನ ನಕ್ಷತ್ರಗಳಿಗೆ ಬಾಲ ಬರದಂತೆ ಎರಡಕ್ಕೂ ಒಂದೊಂದು ತಿದ್ದುವ ಮಸೂರ ಬೇಕೇ ಬೇಕು. ಆ ಖರ್ಚು ಸಮ.

ಇಬ್ಬನಿಯಲ್ಲಿ ಮಾತ್ರ ಭಾವನದ್ದೇ ಮೇಲು. ಮುಖ್ಯ ಕನ್ನಡಿ ಕೊಳವೆಯ ತಳದಲ್ಲಿ ಬೆಚ್ಚಗೆ ಕುಳಿತಿರುತ್ತದೆ, ಸುಲಭಕ್ಕೆ ತೇವವಾಗುವುದಿಲ್ಲ. ನನ್ನ ಮಸೂರ ಮುಂದೆ, ಆಕಾಶಕ್ಕೆ ಮುಖ ಕೊಟ್ಟು ನಿಂತಿದೆ. ಜನವರಿಯಲ್ಲಿ ಹನ್ನೊಂದು ಗಂಟೆ ದಾಟುವುದರೊಳಗೆ ಅದರ ಮೇಲೆ ಹಬೆ ಹಿಡಿದ ಹಾಗೆ ಮಂಕು ಕವಿಯುತ್ತದೆ. ಹನ್ನೆರಡು ವೋಲ್ಟಿನ ಬಿಸಿಪಟ್ಟಿ ಸುತ್ತದೆ ಮಲೆನಾಡಿನಲ್ಲಿ ಮಸೂರದ ದೂರದರ್ಶಕ ಬಳಸುವಂತಿಲ್ಲ. ಬ್ಯಾಟರಿಯ ಖರ್ಚನ್ನೂ ಸೇರಿಸಿಕೊಂಡೇ ಲೆಕ್ಕ ಹಾಕಿ.

ಜಾಗದ ಮಾತು. ಆಕಾಶ ತಿಳಿಯಾಗುವುದು ಡಿಸೆಂಬರ್‌ನಿಂದ ಫೆಬ್ರವರಿಯವರೆಗೆ. ಕಾಫಿ ಕೊಯ್ದು ಕಣದಲ್ಲಿ ಹರಡುವುದೂ ಆಗಲೇ. ಟಾರ್ಪಾಲು ಮುಚ್ಚಿದ ಕಾಫಿಯ ಅಂಚಿನಲ್ಲಿ ತೋಟದ ಮೇಲ್ವಿಚಾರಕರಾದ ರೈಟರು ಬಿಟ್ಟುಕೊಟ್ಟಷ್ಟೇ ನಮ್ಮ ಜಾಗ. ಜೊತೆಗೆ ಆನೆ. ಸಕಲೇಶಪುರ, ಆಲೂರು ಕಡೆ ರಾತ್ರಿ ಹೊರಗೆ ನಿಲ್ಲುವವರಿಗೆ ಇದು ತಮಾಷೆಯ ವಿಷಯವಲ್ಲ. ಪಕ್ಕದ ತೋಟಕ್ಕೆ ಇಳಿದಿದೆ ಎಂದು ಮೊಬೈಲಿಗೆ ಸಂದೇಶ ಬಂದರೆ ಚಿಕ್ಕದನ್ನು ಒಂದೇ ಕೈಯಲ್ಲಿ ಎತ್ತಿಕೊಂಡು ಒಳಗೆ ಬರುತ್ತೇನೆ. ದೊಡ್ಡದನ್ನು ಬಿಚ್ಚಲು ಇಬ್ಬರು ಬೇಕು, ಭಾವನಿಗೆ ಸೊಂಟನೋವು.

ಕುದುರೆ ತಲೆಯನ್ನು ಇಲ್ಲಿಂದ ತೆಗೆಯುವವರಿಗೆ ಒಂದು ಸೂಚನೆ. ಅದು ಆಕಾಶದ ವಿಷುವದ್ವೃತ್ತಕ್ಕಿಂತ (ಭೂಮಿಯ ಸಮಭಾಜಕದ ನೇರ ಮೇಲೆ ಆಕಾಶದಲ್ಲಿ ಎಳೆದ ರೇಖೆ) ಸುಮಾರು ಎರಡೂವರೆ ಡಿಗ್ರಿ ದಕ್ಷಿಣಕ್ಕಿದೆ. ಭೂಸ್ಥಿರ ಉಪಗ್ರಹಗಳ ಸಾಲು ನಮ್ಮ ಅಕ್ಷಾಂಶದಿಂದ ನೋಡಿದರೆ ಹೆಚ್ಚುಕಡಿಮೆ ಅದೇ ಜಾಗದಲ್ಲಿ ಕಾಣುತ್ತದೆ. ಮೌಂಟ್ ನಕ್ಷತ್ರದ ಹಿಂದೆ ಹೋಗುತ್ತದೆ, ಉಪಗ್ರಹ ನಿಂತಲ್ಲೇ ನಿಂತಿರುತ್ತದೆ. ಹಾಗಾಗಿ ಮೂರು ನಿಮಿಷದ ಚಿತ್ರದಲ್ಲಿ ಅದು ಒಂದೂವರೆ ಚಂದ್ರನಷ್ಟು ಉದ್ದದ ಗೆರೆಯಾಗಿ ಮೂಡುತ್ತದೆ. ಭಾರತದ ಭೂಸ್ಥಿರ ಉಪಗ್ರಹಗಳನ್ನು ನೋಡಿಕೊಳ್ಳುವ ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರ ಇರುವುದೂ ಹಾಸನದಲ್ಲೇ, ಯಾರನ್ನು ದೂರುವುದು! ಹತ್ತಾರು ಚಿತ್ರಗಳನ್ನು ಒಂದರ ಮೇಲೊಂದು ಪೇರಿಸುವಾಗ ತಂತ್ರಾಂಶ ಗೆರೆಗಳನ್ನು ಅಳಿಸಿಹಾಕುತ್ತದೆ. ಎರಡೂ ದೂರದರ್ಶಕಗಳಿಗೆ ಈ ಕಷ್ಟ ಒಂದೇ.

ಭಾವನದ್ದು ಗೆಲ್ಲುವ ಕಡೆ ಗೆಲ್ಲುತ್ತದೆ. ಕುದುರೆಯ ಕುತ್ತಿಗೆಯ ಬಳಿಯ ಧೂಳಿನ ಎಳೆಗಳು ಅದರಲ್ಲಿ ಬಿಡಿಬಿಡಿಯಾಗಿ ಕಾಣುತ್ತವೆ, ನನ್ನದರಲ್ಲಿ ಅಲ್ಲಿರುವುದು ಒಂದು ಕಪ್ಪು ಮಚ್ಚೆ. ಡಂಬ್‌ಬೆಲ್‌ನಂಥ ಪುಟ್ಟ ನೀಹಾರಿಕೆಗಳಿಗೂ, ಮಾರ್ಚ್–ಏಪ್ರಿಲ್‌ನಲ್ಲಿ ಮೇಲೇರುವ ಗೆಲಕ್ಸಿಗಳಿಗೂ ಎಂಟು ಇಂಚೇ ಬೇಕು. ನೀವು ಊರಿಂದೂರಿಗೆ ಒಯ್ಯದೆ ಮನೆಯಂಗಳದಲ್ಲೇ ಕಾಂಕ್ರೀಟ್ ಕಂಬ ನೆಟ್ಟು ಕೂರಿಸುವವರಾದರೆ ಮೇಲೆ ಹೇಳಿದ ಅರ್ಧ ತಕರಾರು ನಿಮಗೆ ಅನ್ವಯಿಸುವುದಿಲ್ಲ. ಕೈಯಲ್ಲಿ ಹಣ ತೀರಾ ಕಡಿಮೆ ಇದ್ದರೆ ಎರಡೂ ಬೇಡ, ಹಳೆಯ ಕ್ಯಾಮೆರಾಕ್ಕೆ 135 ಮಿಲಿಮೀಟರ್ ಲೆನ್ಸ್ ಹಾಕಿ, ನಕ್ಷತ್ರಗಳ ಜೊತೆ ತಿರುಗುವ ಚಿಕ್ಕ ಟ್ರ್ಯಾಕರ್ ಮೇಲೆ ಕೂರಿಸಿ.

ನಾನು ಶನಿವಾರ ಕೆಲಸ ಮುಗಿಸಿ ಸಂಜೆ ಹೊರಟು, ಭಾನುವಾರ ರಾತ್ರಿಯೊಳಗೆ ಹಾಸನಕ್ಕೆ ಮರಳಬೇಕಾದವನು. ಮಂಜು ಇಳಿಯುವ ಮೊದಲು ನಾಲ್ಕು ಗಂಟೆ ತಿಳಿ ಆಕಾಶ ಸಿಕ್ಕಿದರೆ ಅದರಲ್ಲಿ ಮೂರೂವರೆ ಗಂಟೆ ಶಟರ್ ತೆರೆದಿರಬೇಕು ಎಂಬುದು ನನ್ನ ಹಟ. ಅದನ್ನು ನಡೆಸಿಕೊಡುವುದು ಚಿಕ್ಕದೇ. ಕೊಳವೆಗಳ ಬೆಲೆಯಲ್ಲಿ ಹೇಳಿಕೊಳ್ಳುವಂಥ ಅಂತರವಿರಲಿಲ್ಲ. ದೊಡ್ಡದನ್ನು ನೆಮ್ಮದಿಯಾಗಿ ಹೊರಲು ಇನ್ನೂ ಗಟ್ಟಿ ಮೌಂಟ್ ಕೊಳ್ಳಬೇಕಾಗುತ್ತಿತ್ತು, ಅದು ನನ್ನ ಕೈಗೆ ಎಟುಕುವಂಥದ್ದಲ್ಲ. ಆ ದುಡ್ಡಿನ ಸಣ್ಣದೊಂದು ಪಾಲಿನಲ್ಲಿ ಹೈಡ್ರೋಜನ್ ಆಲ್ಫಾ (ನೀಹಾರಿಕೆಯ ಹೈಡ್ರೋಜನ್ ಸೂಸುವ ಕೆಂಪು ಬೆಳಕು) ಮತ್ತು ಆಮ್ಲಜನಕದ ಬೆಳಕನ್ನಷ್ಟೇ ಬಿಡುವ ಫಿಲ್ಟರ್ ತರಿಸಿದ್ದೇನೆ. ತೋಟಕ್ಕೆ ಹೋಗಲಾಗದ ವಾರಗಳಲ್ಲಿ ಹಾಸನದ ನಮ್ಮ ತಾರಸಿಯಿಂದಲೇ, ಬೀದಿದೀಪಗಳ ನಡುವೆಯೂ ರೋಸೆಟ್ ಚೆನ್ನಾಗಿಯೇ ಬರುತ್ತಿದೆ.