ಮೂಡಿಗೆರೆ ಹತ್ತಿರದ ಕುಲುಮೆಯಲ್ಲಿ ಮಾಡಿಸಿದ ಮೂರು ಚೂರಿ

ಹೋದ ವರ್ಷ ಆಗಸ್ಟ್ ಮಳೆಯಲ್ಲಿ ಅಕ್ಕನ ಮಗ ಅಮೆರಿಕದಿಂದ ಊರಿಗೆ ಬಂದಿದ್ದ. ಎರಡನೇ ದಿನ ಕಾಫಿ ಕುಡಿಯುತ್ತಾ ಕೂತವನು, "ಚಿಕ್ಕಮ್ಮ, ನಂಗೆ ಎರಡು ಚೂರಿ ಮಾಡಿಸಿ ಕೊಡು. ಅಂಗಡಿದು ಬೇಡ, ನಮ್ಮ ಕುಲುಮೆದೇ ಆಗಬೇಕು" ಅಂದ. ಯಾಕೋ ಅಂದರೆ, ಜಿಂಕೆ ಸುಲಿಯೋಕೆ ಅಂದ.

ನಾನು ಒಂದು ನಿಮಿಷ ಸುಮ್ನಾದೆ. ನಮ್ಮ ಕಡೆ ಆ ಮಾತನ್ನು ಈಗ ಯಾರೂ ಹಾಗೆ ಜೋರಾಗಿ ಆಡುವುದಿಲ್ಲ.

ಅವನು ಇರುವುದು ಓಹಾಯೊ ರಾಜ್ಯದಲ್ಲಿ. ಮನೆ ಹಿಂದೆಯೇ ಕಾಡು. ಅಲ್ಲಿಯ ಬಿಳಿಬಾಲದ ಜಿಂಕೆ ಸಂಜೆಯಾದರೆ ಅವನ ಹೆಂಡತಿಯ ತರಕಾರಿ ಮಡಿಗೇ ಬಂದು ನಿಲ್ಲುತ್ತದಂತೆ. ಅಲ್ಲಿ ಲೈಸೆನ್ಸ್ ಮಾಡಿಸಿ, ಜಿಂಕೆಗೆ ಅಂತ ಬೇರೆ ಪರವಾನಗಿ ತಗೊಂಡು, ಸರ್ಕಾರ ಹೇಳಿದ ದಿನಗಳಲ್ಲಿ ಶಿಕಾರಿ ಮಾಡಬಹುದು. ಇವನು ಹೊಡೆಯುವುದು ರಿವಾಲ್ವರ್‌ನಲ್ಲಿ. ಕೋವಿ ಬಿಟ್ಟು ಬೇರೇನೂ ನೋಡದ ನನಗೆ ಅದೇ ಆಶ್ಚರ್ಯ. ಅದಕ್ಕೂ ಅಲ್ಲಿ ಲೆಕ್ಕ ಇದೆ. ನಳಿಗೆ ಕನಿಷ್ಠ 5 ಇಂಚು ಇರಬೇಕು, ಗುಂಡಿನ ದಪ್ಪ ಪಾಯಿಂಟ್ 357 ಇಂಚು ಅಥವಾ ಅದಕ್ಕಿಂತ ಹೆಚ್ಚಿರಬೇಕು. ಇವನದ್ದು ಪಾಯಿಂಟ್ 44 ಮ್ಯಾಗ್ನಮ್. ಮೈಮೇಲೆ ದೂರಕ್ಕೇ ಕಾಣುವ ಕಿತ್ತಳೆ ಬಣ್ಣದ ಜಾಕೆಟ್ ಹಾಕಿಕೊಂಡು, ಮರದ ಮೇಲಿನ ಅಟ್ಟಣೆಯಲ್ಲಿ ಕೂರುತ್ತಾನೆ. ಮೂವತ್ತು ಮೂವತ್ತೈದು ಹೆಜ್ಜೆ ಹತ್ತಿರ ಬರದಿದ್ದರೆ ರಿವಾಲ್ವರ್‌ನ ಕುದುರೆ (ಟ್ರಿಗರ್) ಎಳೆಯುವುದೇ ಇಲ್ಲವಂತೆ. "ಗಾಯ ಮಾಡಿ ಓಡಿಸಬಾರದು ಚಿಕ್ಕಮ್ಮ, ಅದಕ್ಕಿಂತ ಬರಿಗೈಯಲ್ಲಿ ಬರೋದು ವಾಸಿ" ಅಂದ. ಆ ಮಾತು ನನಗೆ ಹಿಡಿಸಿತು. ನಮ್ಮ ಅಜ್ಜನೂ ಹಾಗೇ ಹೇಳುತ್ತಿದ್ದರು.

ಇಲ್ಲಿಯ ಮಾತು ಬೇರೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಈಗ ನಮ್ಮಲ್ಲಿ ಜಿಂಕೆ, ಕಡವೆ, ಕಾಡುಕುರಿ ಯಾವುದನ್ನೂ ಮುಟ್ಟುವ ಹಾಗಿಲ್ಲ. ನಮ್ಮ ಮನೆಯ ತೋಟಾ ಕೋವಿ ಬೆಳೆ ಕಾಯಲು ಅಂತ ಲೈಸೆನ್ಸ್ ಇರುವುದು. ಪ್ರತಿ ಎಲೆಕ್ಷನ್‌ಗೂ ಸ್ಟೇಷನ್‌ಗೆ ಕೊಟ್ಟು, ಮುಗಿದ ಮೇಲೆ ತರುತ್ತೇವೆ. ರಾತ್ರಿ ಕಾಫಿ ಕಣದ ಆಚೆ ಕಾಡುಕುರಿ ನಾಯಿ ಥರ ಬೊಗಳುತ್ತದೆ. ನನಗೆ ಅದು ಕೇಳದಿದ್ದರೆ ನಿದ್ದೆ ಹತ್ತುವುದಿಲ್ಲ.

ಈಗ ಕುಲುಮೆ ವಿಷಯ. ಆಚಾರ್ರ ಕುಲುಮೆಗೆ ಬೋರ್ಡಿಲ್ಲ. ಹೆಸರು, ನಂಬರು ಹಾಕಬೇಡಿ ಅಂದಿದ್ದಾರೆ, ಇರುವ ಕೆಲಸವೇ ಕೈ ಮೀರುತ್ತದಂತೆ. ಮೂಡಿಗೆರೆಯಲ್ಲಿ ಹಾರ್ಡ್‌ವೇರ್ ಅಂಗಡಿಯವರನ್ನು ಕೇಳಿದರೆ ದಾರಿ ಹೇಳುತ್ತಾರೆ. ಶೀಟು ಹೊದೆಸಿದ ಒಂದು ಚಪ್ಪರ. ಒಳಗೆ ಇದ್ದಿಲ ಒಲೆ, ಅಡಿಗಲ್ಲು, ಗೋಡೆಗೆ ಸಾಲಾಗಿ ಇಕ್ಕುಳ. ತಿದಿ ಹೋಗಿ ಈಗ ಕರೆಂಟಿನ ಬ್ಲೋವರ್ ಬಂದಿದೆ. ನಮ್ಮ ತೋಟದ ಕತ್ತಿ, ಗುದ್ದಲಿ ಎಲ್ಲ ವರ್ಷಕ್ಕೊಮ್ಮೆ ತಟ್ಟಿಸುವುದು ಅಲ್ಲೇ. ಆದರೆ ಚೂರಿ ಮಾಡಿಸಿದ್ದು ಇದೇ ಮೊದಲು.

ನಾವು ಚೂರಿ ಅಂದ ತಕ್ಷಣ ಅವರು ಅಳತೆ ಕೇಳಲಿಲ್ಲ. "ಏನು ಕೊಯ್ಯೋಕಮ್ಮ?" ಅಂತ ಕೇಳಿದರು. ವಿಷಯ ಹೇಳಿದೆ. ಸುತ್ತಿಗೆ ಕೆಳಗಿಟ್ಟರು. "ಇಲ್ಲಿ ಶಿಕಾರಿಗಾದ್ರೆ ನಾ ಮಾಡಲ್ಲ. ಹಿಂದೆ ಒಬ್ಬರಿಗೆ ಮಾಡಿಕೊಟ್ಟು ಸ್ಟೇಷನ್ ಮೆಟ್ಟಲು ಹತ್ತಿದೀನಿ." ಹುಡುಗ ಫೋನಿನಲ್ಲಿ ತನ್ನ ಲೈಸೆನ್ಸು, ಮನೆ, ಹಿಂದಿನ ವರ್ಷದ ಜಿಂಕೆ ಎಲ್ಲ ತೋರಿಸಿದ ಮೇಲೆಯೇ ಮಾತು ಮುಂದುವರಿದದ್ದು.

ಇನ್ನೊಂದು ಆಸೆ ಇತ್ತು ಇವನಿಗೆ. ಅಜ್ಜನ ಚೂರಿಗೆ ಇದ್ದ ಹಾಗೆ ಕಡವೆ ಕೊಂಬಿನ ಹಿಡಿ ಬೇಕು ಅಂತ. ಆಚಾರ್ರು ಕೂಡಲೇ ಬೇಡ ಅಂದರು. ಕಾಡಲ್ಲಿ ತಾನಾಗಿ ಉದುರಿದ ಕೊಂಬು ಸಿಕ್ಕರೂ ನಾವು ಇಟ್ಟುಕೊಳ್ಳುವ ಹಾಗಿಲ್ಲ, ಅಲ್ವಾ. ನಮ್ಮ ಜಗಲಿಯ ಗೋಡೆಯಲ್ಲಿದ್ದ ಜೋಡಿ ಕೊಂಬನ್ನು, ಅಜ್ಜನ ಚೂರಿಯನ್ನು 2024ರಲ್ಲಿ ಸರ್ಕಾರ ಮೂರು ತಿಂಗಳು ಅವಕಾಶ ಕೊಟ್ಟಾಗಲೇ ಅರಣ್ಯ ಇಲಾಖೆಗೆ ಒಪ್ಪಿಸಿದ್ದೆವು. ಗೋಡೆಯಲ್ಲಿ ಆ ಮೊಳೆ ಇನ್ನೂ ಇದೆ. ಕೊನೆಗೆ ಆಚಾರ್ರೇ ದಾರಿ ತೋರಿಸಿದರು. "ನಿಮ್ಮ ತೋಟದ್ದೇ ಹಳೇ ಕಾಫಿ ಬೊಡ್ಡೆ ತನ್ನಿ. ಅದಕ್ಕಿಂತ ಗಟ್ಟಿ ಹಿಡಿ ಬೇಕಾ?" ಅಂದರು. ಅಪ್ಪ ನೆಟ್ಟ ಅರೇಬಿಕಾ ಗಿಡದ ಬುಡ ಕಿತ್ತು ಹಾಕಿದ್ದು ಕೊಟ್ಟಿಗೆ ಹಿಂದೆ ಬಿದ್ದಿತ್ತು. ಹುಡುಗನ ಮುಖ ಅರಳಿತು.

ಎರಡು ಚೂರಿ ಅಂತಾಯಿತು. ಒಂದು ಹೊಟ್ಟೆ ಸೀಳಿ ತೊಗಲು ಸುಲಿಯಲು, 4 ಇಂಚು. ಇನ್ನೊಂದು ಮೂಳೆಯಿಂದ ಮಾಂಸ ಬಿಡಿಸಲು, ಉದ್ದ, ಕಿರಿದು, 6 ಇಂಚು. ಮೊದಲನೆಯದಕ್ಕೆ ತುದಿ ತೀರಾ ಚೂಪು ಬೇಡ ಅಂತ ಆಚಾರ್ರೇ ಹೇಳಿದರು. ಚೂಪಾದರೆ ಕರುಳಿಗೆ ತಾಗುತ್ತದೆ, ಕರುಳು ಒಡೆದರೆ ಮಾಂಸವೇ ಹಾಳು. ಚೂರಿಯ ಬೆನ್ನು ತುದಿಯ ಕಡೆಗೆ ಸ್ವಲ್ಪ ಇಳಿಯಬೇಕು, ಬಾಯಿ, ಅಂದರೆ ಕೊಯ್ಯುವ ಅಂಚು, ಹೊಟ್ಟೆ ಬಂದ ಹಾಗೆ ದುಂಡಗಿರಬೇಕು. ನೆಲದ ಬೂದಿಯಲ್ಲಿ ಕಡ್ಡಿಯಿಂದ ಗೀಚಿ ತೋರಿಸಿದರು. ಹುಡುಗ ಅಮೆರಿಕದಲ್ಲಿ ಬಳಸುವ ಚೂರಿಯ ಫೋಟೋ ತೆಗೆದು ಪಕ್ಕಕ್ಕೆ ಹಿಡಿದ. ಎರಡೂ ಒಂದೇ ಆಕಾರ.

ಉಕ್ಕು ಲಾರಿಯ ಸ್ಪ್ರಿಂಗ್ ಪಟ್ಟಿಯದ್ದು. ಗುಜರಿಯಿಂದ ತಂದು, ಎಲ್ಲೂ ಬಿರುಕಿಲ್ಲ ಅಂತ ನೋಡಿ ಆರಿಸಿದ್ದು. ಕಾಯಿಸಿ ಬಡಿದು, ಕಾಯಿಸಿ ಬಡಿದು, ಮಧ್ಯಾಹ್ನದೊಳಗೆ ರೂಪ ಬಂತು. ಆಮೇಲೆ ಹದ ಹಾಕುವ ಕೆಲಸ. ಇದನ್ನು ನೋಡಲಿಕ್ಕಾದರೂ ನೀವು ಒಮ್ಮೆ ಹೋಗಬೇಕು.

ಅವತ್ತು ಮೋಡ ಕವಿದು ಹಗಲೇ ಕತ್ತಲಾಗಿತ್ತು. ಇದೇ ಒಳ್ಳೆಯದು, ಬಿಸಿಲಲ್ಲಿ ಉಕ್ಕಿನ ಬಣ್ಣ ಕಣ್ಣಿಗೆ ಮೋಸ ಮಾಡುತ್ತದೆ ಅಂದರು. ಚೂರಿ ಕೆಂಪಾಗುತ್ತಿದ್ದ ಹಾಗೆ, ತಂತಿಗೆ ಕಟ್ಟಿದ ಹಳೇ ಸ್ಪೀಕರ್ ಮ್ಯಾಗ್ನೆಟ್ ತಂದು ತಾಗಿಸಿದರು. ಟಕ್ ಅಂತ ಅಂಟಿತು. ಮತ್ತೆ ಒಲೆಗೆ. ಮತ್ತೆ ಅಂಟಿತು. ಮೂರನೇ ಸಲ ಅಂಟಲಿಲ್ಲ. ಅಷ್ಟು ಕಾದ ಉಕ್ಕನ್ನು ಮ್ಯಾಗ್ನೆಟ್ ಹಿಡಿಯುವುದಿಲ್ಲ. ಇನ್ನೂ ಸ್ವಲ್ಪ ಕಾಯಿಸಿ, ಎಣ್ಣೆ ಡಬ್ಬಿಗೆ ನೇರವಾಗಿ ಇಳಿಸಿದರು. ನೀರಿಗೆ ಹಾಕಿದರೆ ಈ ಉಕ್ಕು ಸೀಳು ಬಿಡುತ್ತದಂತೆ. ಹೊಗೆ ಎದ್ದು ಶೀಟಿನವರೆಗೆ ಹೋಯಿತು. ತೆಗೆದು ಅರ ಉಜ್ಜಿದರು, ಅರ ಗಾಜಿನ ಮೇಲೆ ಜಾರಿದ ಹಾಗೆ ಜಾರಿತು. ಅಷ್ಟಕ್ಕೇ ಬಿಟ್ಟರೆ ಮೂಳೆ ತಾಗಿದಾಗ ಬಾಯಿ ಚಕ್ಕೆ ಹಾರುತ್ತದೆ. ಅದಕ್ಕೆ ಕಲ್ಲಿಗೆ ಉಜ್ಜಿ ಹೊಳಪು ಬರಿಸಿ, ಬೆನ್ನನ್ನು ಕಾದ ಕಬ್ಬಿಣದ ದಪ್ಪ ತುಂಡಿನ ಮೇಲೆ ಇಟ್ಟರು. ಬೆನ್ನಿನಿಂದ ಬಣ್ಣ ಇಳಿಯತೊಡಗಿತು. ಮೊದಲು ಒಣಹುಲ್ಲಿನ ಬಣ್ಣ, ಅದರ ಹಿಂದೆ ಕಂದು, ನೇರಳೆ, ಕೊನೆಗೆ ನೀಲಿ. ಹುಲ್ಲಿನ ಬಣ್ಣ ಬಾಯಿಗೆ ಮುಟ್ಟಿದ ಕ್ಷಣ ನೀರಿಗದ್ದಿದರು. ಬೆನ್ನು ನೀಲಿ, ಬಾಯಿ ಹುಲ್ಲು ಬಣ್ಣ. ಬೆನ್ನು ಮೆದು, ಬಾಯಿ ಗಡಸು. ನಾವು ಮೂರು ಜನವೂ ಉಸಿರು ಬಿಗಿಹಿಡಿದು ನಿಂತಿದ್ದೆವು.

ಎರಡಕ್ಕೂ ಸೇರಿ 1,800 ರೂಪಾಯಿ ತಗೊಂಡರು. ಹಿಂದೊಮ್ಮೆ ಆನ್‌ಲೈನಲ್ಲಿ ಕೈಯಿಂದ ಮಾಡಿದ್ದು ಅಂತ 3,000 ಕೊಟ್ಟು ಒಂದು ಚೂರಿ ತರಿಸಿದ್ದೆ. ಮೈಮೇಲೆ ಅಲೆ ಅಲೆ ಚಿತ್ತಾರ ಇತ್ತು. ಎರಡು ತಿಂಗಳು ತೊಳೆದ ಮೇಲೆ ಚಿತ್ತಾರವೂ ಹೋಯಿತು, ಹರಿತವೂ ಹೋಯಿತು. ಆ ಸಂಕಟ ಇನ್ನೂ ಇದೆ ನನಗೆ. ಒರೆ ಮಾತ್ರ ಆಚಾರ್ರು ಮಾಡುವುದಿಲ್ಲ. ಚಪ್ಪಲಿ ಹೊಲಿಯುವವರ ಹತ್ತಿರ ದಪ್ಪ ಚರ್ಮದಲ್ಲಿ ಹೊಲಿಸಿದೆವು, ಜೊತೆಗೆ 500. ಚೂರಿ ಎರಡನ್ನೂ ಬಟ್ಟೆ ಸುತ್ತಿ ಚೆಕ್-ಇನ್ ಸೂಟ್‌ಕೇಸಿನಲ್ಲಿ ತಗೊಂಡು ಹೋದ. ಕೈಚೀಲದಲ್ಲಿ ಹಾಕಬೇಡಿ, ಕಿತ್ತುಕೊಳ್ಳುತ್ತಾರೆ.

ಡಿಸೆಂಬರ್ ಮೊದಲ ವಾರ ಅವನ ಫೋನ್ ಬಂತು. ಇಲ್ಲಿ ಸಂಜೆ, ಕೊಯ್ದ ಹಣ್ಣು ಅಳೆದು ಆಳುಗಳಿಗೆ ಲೆಕ್ಕ ಬರೆಯುತ್ತಿದ್ದೆ. ಅಲ್ಲಿ ಆಗತಾನೆ ಬೆಳಗಾಗಿತ್ತು. ಮನೆಯಿಂದ ಇನ್ನೂರು ಹೆಜ್ಜೆ ದೂರದಲ್ಲಿ ಒಂದು ಹೆಣ್ಣು ಜಿಂಕೆ, ಒಂದೇ ಗುಂಡು. ವಿಡಿಯೋದಲ್ಲಿ ಚೂರಿ ತೋರಿಸಿದ. "ಹೊಟ್ಟೆ ಸೀಳಿ, ಪೂರ್ತಿ ಸುಲಿದು, ತೊಡೆ ಬಿಡಿಸೋ ತನಕ ಒಂದ್ಸಲನೂ ಮಸೆದಿಲ್ಲ ಚಿಕ್ಕಮ್ಮ!" ತುದಿ ಎಲ್ಲೂ ಕರುಳು ಮುಟ್ಟಲಿಲ್ಲ. ಕೈ ರಕ್ತದಲ್ಲಿ ಜಾರುತ್ತಿದ್ದರೂ ಹಿಡಿ ಜಾರಲಿಲ್ಲ, ಕಾಫಿ ಬೊಡ್ಡೆಯ ಗಂಟುಗಳನ್ನು ಆಚಾರ್ರು ಹಾಗೇ ಉಳಿಸಿದ್ದರು. ಈ ವಿಷಯವನ್ನು ಮಾರನೇ ದಿನವೇ ಹೋಗಿ ಅವರಿಗೆ ಹೇಳಿದೆ. ಕೈ ಒರೆಸಿಕೊಂಡು ವಿಡಿಯೋವನ್ನು ಎರಡು ಸಲ ನೋಡಿದರು.

ಎರಡನೇ ಚೂರಿಗೆ ಅಷ್ಟು ಮಾರ್ಕು ಕೊಡಲಾರೆ. ಬೆನ್ನು 4 ಮಿಲಿಮೀಟರ್ ಉಳಿದುಬಿಟ್ಟಿದೆ. ಮೂಳೆ ಬಿಡಿಸುವ ಚೂರಿ ತೆಳುವಿರಬೇಕು, ಮೂಳೆಯ ಓರೆಗೆ ತಕ್ಕಂತೆ ಸ್ವಲ್ಪ ಬಾಗಬೇಕು. ಇದು ಬಾಗುವುದಿಲ್ಲ, ಪಕ್ಕೆಯ ಹತ್ತಿರ ಮಾಂಸ ಉಳಿಯುತ್ತದೆ. ಕತ್ತಿ ಮಾಡಿ ಮಾಡಿ ಅವರ ಕೈಗೆ ದಪ್ಪವೇ ಅಭ್ಯಾಸ. ತೆಳು ಬೇಕಾದರೆ ಮೊದಲೇ ಒತ್ತಿ ಹೇಳಿ, ಬೆನ್ನು 2 ಮಿಲಿಮೀಟರ್ ಅಂತ ಅಳತೆಯನ್ನೇ ಕೊಡಿ.

ಇನ್ನೊಂದು ತೊಂದರೆ ಹಿಡಿಯದ್ದು. ಜನವರಿ ಹೊತ್ತಿಗೆ ಎರಡೂ ಹಿಡಿ ಕುಗ್ಗಿ, ಹಿತ್ತಾಳೆ ಮೊಳೆ ಚರ್ಮಕ್ಕೆ ತಾಗುವಷ್ಟು ಮೇಲೆ ಬಂದಿತ್ತಂತೆ. ಅಲ್ಲಿ ಚಳಿಗಾಲದಲ್ಲಿ ಹೀಟರ್ ಹಾಕಿದ ಮನೆಯೊಳಗೆ ಗಾಳಿ ಒಣಕಲು. ನಮ್ಮ ಬೊಡ್ಡೆ ನೋಡಿದರೆ ಮೂಡಿಗೆರೆ ಮಳೆಯಲ್ಲಿ ನೆನೆದದ್ದು. ಆಚಾರ್ರನ್ನು ಕೇಳಿದೆ. ತಪ್ಪು ನಂದೇ, ಒಂದು ವರ್ಷ ಅಟ್ಟದಲ್ಲಿ ಒಣಗಿಸಬೇಕಿತ್ತು, ನೀವು ಅವಸರ ಮಾಡಿದಿರಿ, ನಾನೂ ಒಪ್ಪಿಬಿಟ್ಟೆ ಅಂದರು. ಮುಂದಿನ ಸಲ ತಂದರೆ ದುಡ್ಡಿಲ್ಲದೆ ಹಿಡಿ ಬದಲಾಯಿಸುತ್ತಾರಂತೆ. ಇಷ್ಟು ನೇರವಾಗಿ ಒಪ್ಪಿಕೊಳ್ಳುವವರನ್ನು ನಾನು ಕಂಡದ್ದು ಕಮ್ಮಿ.

ಮೂರನೆಯದು ನನ್ನ ಅಡುಗೆಮನೆಗೆ. ಫೆಬ್ರವರಿಯಲ್ಲಿ ಮಾಡಿಸಿದೆ. ಈ ಸಲ ಬೆನ್ನು 2 ಮಿಲಿಮೀಟರ್ ಅಂತ ಕಡ್ಡಿ ಮುರಿದ ಹಾಗೆ ಹೇಳಿದೆ, ಹಿಡಿಗೆ ಮುರಿದ ಹಳೇ ಮಂಚದ ಕಾಲು ಕೊಟ್ಟೆ. ಹಂದಿ ಮಾಂಸ ತಂದ ದಿನ ತೊಗಲು, ಕೊಬ್ಬು, ಮಾಂಸ ಮೂರನ್ನೂ ಒಂದೇ ಎಳೆತಕ್ಕೆ ಕೊಯ್ಯುತ್ತದೆ. ಮೊದಲೆಲ್ಲ ಮೆಟ್ಟುಕತ್ತಿಯಲ್ಲಿ ಕೊಯ್ಯುವಾಗ ತೊಗಲು ರಬ್ಬರ್ ಥರ ಜಗ್ಗುತ್ತಿತ್ತು. ಮಳೆಗಾಲದಲ್ಲಿ ಕಳಲೆಯನ್ನು ಕಾಗದದ ಹಾಗೆ ಹೆಚ್ಚಿದ್ದೇನೆ. ಹಲಸಿಗೆ ಮಾತ್ರ ಎಣ್ಣೆ ಸವರಿಯೇ ಇಳಿಯಿರಿ.

ಇದು ಸ್ಟೇನ್‌ಲೆಸ್ ಸ್ಟೀಲ್ ಅಲ್ಲ, ತುಕ್ಕು ಹಿಡಿಯುತ್ತದೆ. ಮೊದಲ ವಾರ ನಿಂಬೆಹಣ್ಣು ಕೊಯ್ದು ಹಾಗೇ ಇಟ್ಟಿದ್ದಕ್ಕೆ ಬೆಳಿಗ್ಗೆ ಕೆಂಪು ಚುಕ್ಕಿ ಎದ್ದಿತ್ತು, ಬೂದಿ ಹಾಕಿ ಉಜ್ಜಿದೆ. ಕೊಯ್ದ ಕೂಡಲೇ ತೊಳೆದು, ಒರೆಸಿ, ಎರಡು ತೊಟ್ಟು ಕೊಬ್ಬರಿ ಎಣ್ಣೆ ಸವರಿಡಿ. ಚರ್ಮದ ಒರೆಯೊಳಗೆ ಮಳೆಗಾಲ ಪೂರ್ತಿ ಇಡಬೇಡಿ, ಚರ್ಮ ನೀರು ಹೀರಿ ಅಲ್ಲೇ ತುಕ್ಕು ತರುತ್ತದೆ. ದಿನ ಕಳೆದ ಹಾಗೆ ಮೈ ಬೂದು ಬಣ್ಣಕ್ಕೆ ತಿರುಗುತ್ತದೆ. ಅದು ಕೊಳೆಯಲ್ಲ, ಉಜ್ಜಿ ತೆಗೆಯಬೇಡಿ.

ಹೋಗುವವರು ಬೆಳಿಗ್ಗೆಯೇ ಹೋಗಿ. ಕಾಫಿ ಕೊಯ್ಲು ಮುಗಿದು ಮರಗಸಿ (ನೆರಳು ಮರದ ಕೊಂಬೆ ಸವರುವುದು) ಶುರುವಾಗುವ ಹೊತ್ತಿಗೆ ಹೋಗಬೇಡಿ, ಆಗ ಸುತ್ತಲಿನ ತೋಟದ ಕತ್ತಿಯೆಲ್ಲ ಅಲ್ಲೇ ರಾಶಿ ಬಿದ್ದಿರುತ್ತದೆ. ಮಳೆಗಾಲ ಸರಿ. ಹಿಡಿಗೆ ಒಣಗಿದ ಮರ ನೀವೇ ತಗೊಂಡು ಹೋಗಿ, ಏನು ಕೊಯ್ಯಬೇಕು ಅನ್ನುವುದನ್ನು ಬಿಡಿಸಿ ಹೇಳಿ. ನಮ್ಮ ಹುಡುಗನಿಗೆ ಅಂತ ಇನ್ನೊಂದು ಬೊಡ್ಡೆಯನ್ನು ನಾನು ಈಗಲೇ ಒಲೆಯ ಮೇಲಿನ ಅಟ್ಟಕ್ಕೆ ಹಾಕಿದ್ದೇನೆ.