ಲ್ಯಾಬಿನ ಆಸಿಡ್‌ಗೆ ಬೀಗ ಹಾಕಿದ್ದೀರಿ, ಸರಿ. ಕಾಸ್ಟಿಕ್ ಸೋಡದ ಬಾಟಲಿ ಎಲ್ಲಿದೆ ನೋಡಿ

ಹೈಸ್ಕೂಲು, ಪಿಯು ಕಾಲೇಜುಗಳಲ್ಲಿ ಲ್ಯಾಬ್ ನೋಡಿಕೊಳ್ಳುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಬಾಟಲಿ ತೊಳೆದು ಒರೆಸಿಡುವ ಅಟೆಂಡರುಗಳಿಗೂ ಓದಿ ಹೇಳಿ. ನಮ್ಮಲ್ಲಿ ಪೆಟ್ಟು ತಿಂದದ್ದು ಅವರೇ.

ನಾನು ಉಡುಪಿ ತಾಲೂಕಿನ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಅದೇ ಕಾಂಪೌಂಡಿನಲ್ಲಿ ಪಿಯು ಕಾಲೇಜೂ ಇದೆ, ಎರಡಕ್ಕೂ ಲ್ಯಾಬ್ ಒಂದೇ. ಅಲ್ಲಿ ಆಸಿಡ್ ಎಂದರೆ ಎಲ್ಲರಿಗೂ ಹೆದರಿಕೆ. ಸಲ್ಫ್ಯೂರಿಕ್, ನೈಟ್ರಿಕ್, ಹೈಡ್ರೋಕ್ಲೋರಿಕ್ ಮೂರೂ ಬೀಗದೊಳಗೆ. 2013ರಲ್ಲಿ ಸುಪ್ರೀಂ ಕೋರ್ಟ್ ಆಸಿಡ್ ಮಾರಾಟಕ್ಕೆ ಕಡಿವಾಣ ಹಾಕಿದಾಗ ಶಾಲಾ ಕಾಲೇಜುಗಳ ಲ್ಯಾಬುಗಳಿಗೂ ನಿಯಮ ಬಂತು. ಎಷ್ಟು ಬಳಸಿದೆವು ಎಂದು ರಿಜಿಸ್ಟರಿನಲ್ಲಿ ಬರೆದಿಡಬೇಕು, ಅದಕ್ಕೆ ಒಬ್ಬರು ಜವಾಬ್ದಾರರಿರಬೇಕು. ಆ ರಿಜಿಸ್ಟರ್ ನಮ್ಮಲ್ಲಿ ಅಚ್ಚುಕಟ್ಟಾಗಿಯೇ ಇತ್ತು. ಆದರೆ ಅದರಲ್ಲಿದ್ದದ್ದು ಆಸಿಡ್‌ಗಳ ಹೆಸರು ಮಾತ್ರ. ಕಾಸ್ಟಿಕ್ ಸೋಡ, ಅಂದರೆ ಸೋಡಿಯಂ ಹೈಡ್ರಾಕ್ಸೈಡ್ (ಮುಂದೆ ಸೋಡ ಎಂದರೆ ಇದೇ, ಅಡುಗೆ ಸೋಡ ಅಲ್ಲ), ತೆರೆದ ಕಪಾಟಿನಲ್ಲಿ ಉಪ್ಪು, ಸುಣ್ಣದ ಪಕ್ಕ ಕೂತಿತ್ತು. ಅದನ್ನು ಯಾರೂ ಅಪಾಯದ ವಸ್ತು ಎಂದು ಲೆಕ್ಕಕ್ಕೇ ಹಿಡಿದಿರಲಿಲ್ಲ.

ಜೂನ್‌ನಲ್ಲಿ ಶಾಲೆ ಶುರುವಾಗುವಾಗ ಲ್ಯಾಬ್ ಗುಡಿಸಿ ಒರೆಸುವ ಕೆಲಸ ಇರುತ್ತದೆ. ಪಿಯು ಪ್ರಾಕ್ಟಿಕಲ್ ಪರೀಕ್ಷೆ ಮುಗಿದ ಮೇಲೆ ಯಾರೂ ಮುಟ್ಟದ ಬಾಟಲಿಗಳು ಸಾಲಾಗಿದ್ದವು. ಅದರಲ್ಲೊಂದು ಗಾಜಿನ ಬಿರಡೆಯ ಬಾಟಲಿ. ಒಳಗೆ ಮುಕ್ಕಾಲು ಭಾಗ ನೀರಿನಂತೆ ತಿಳಿಯಾದ ದ್ರಾವಣ. ಲೇಬಲ್ ಇದ್ದಲ್ಲಿ ಅರ್ಧ ಹರಿದ ಕಾಗದ, ಅದರ ಮೇಲೆ ಬೂಷ್ಟು. ಶಾಯಿ ಹರಡಿ ಬರೀ ನೀಲಿ ಕಲೆ ಉಳಿದಿತ್ತು. ಬಿರಡೆಯ ಸುತ್ತ ಬಿಳಿ ಹುಡಿ ಗಟ್ಟಿಯಾಗಿ ಕಟ್ಟಿಕೊಂಡಿತ್ತು.

ನಮ್ಮ ಅಟೆಂಡರ್ ಅಕ್ಕ ಅದನ್ನು ಖಾಲಿ ಮಾಡಿ ತೊಳೆಯಲು ಹೊರಟರು. "ಟೀಚರ್, ಇದರ ಬಿರಡೆ ತಿರುಗುದೇ ಇಲ್ಲ ಮಾರಾಯ್ರೇ" ಎಂದು ಪಕ್ಕದ ಕೋಣೆಯಿಂದ ಕೂಗಿದರು. "ಹಾಗೇ ಇಡಿ ಅಕ್ಕ, ನಾನು ಬಂದೆ" ಎಂದು ಎದ್ದೆ. ಅಷ್ಟರಲ್ಲಿ ಅವರು ಬಾಟಲಿಯನ್ನು ಎದೆಗೆ ಒತ್ತಿ ಹಿಡಿದು, ಒಂದು ಮರದ ಹಿಡಿಯಿಂದ ಬಿರಡೆಗೆ ಬಡಿದಿದ್ದರು. ಬಾಟಲಿಯ ಕುತ್ತಿಗೆಯೇ ಒಡೆಯಿತು. ದ್ರಾವಣ ಮುಖಕ್ಕೆ ಹಾರಿತು. ಎಡಗಣ್ಣಿಗೆ ಬಿತ್ತು.

ಅವರದು ತಪ್ಪು ಎಂದು ನಾನು ಹೇಳುವುದಿಲ್ಲ. ಒಳಗೆ ಏನಿದೆ ಎಂದು ತಿಳಿಸುವ ಒಂದಕ್ಷರ ಆ ಬಾಟಲಿಯ ಮೇಲೆ ಇರಲಿಲ್ಲ. ಅಂಟಿಕೊಂಡ ಬಿರಡೆಗೆ ಬಡಿಯಬಾರದು ಎಂದು ಅವರಿಗೆ ಯಾರೂ ಯಾವತ್ತೂ ಹೇಳಿರಲಿಲ್ಲ.

ಸಿಂಕಿಗೆ ಕರೆದುಕೊಂಡು ಹೋಗಿ ನಳ್ಳಿ ತಿರುಗಿಸಿದರೆ ಗಾಳಿ ಮಾತ್ರ ಬಂತು. ಮಳೆ ಶುರುವಾದ ಹೊಸತರಲ್ಲಿ ನಮ್ಮಲ್ಲಿ ಕರೆಂಟಿನ ಕಥೆ ಗೊತ್ತಲ್ವಾ? ಬೆಳಿಗ್ಗೆಯಿಂದ ಪಂಪು ಓಡಿರಲಿಲ್ಲ, ಟ್ಯಾಂಕಿ ಖಾಲಿ. ಬಿಸಿಯೂಟದ ಅಡುಗೆ ಕೋಣೆಯಲ್ಲಿ ಡ್ರಮ್ಮಿಗೆ ಬಾವಿ ನೀರು ತುಂಬಿಸಿಟ್ಟಿದ್ದರು, ಅದೇ ದೇವರ ದಯೆ. ಅಕ್ಕನನ್ನು ಅಲ್ಲೇ ಜಗಲಿಯ ಮೇಲೆ ಮಲಗಿಸಿ, ತಲೆಯನ್ನು ಎಡಕ್ಕೆ ವಾಲಿಸಿ, ತೊಳೆದ ನೀರು ಬಲಗಣ್ಣಿಗೆ ಹೋಗದ ಹಾಗೆ ಚೊಂಬಿನಿಂದ ಸುರಿಯತೊಡಗಿದೆವು. ಅವರು ನೋವಿಗೆ ಕಣ್ಣು ಬಿಗಿಯಾಗಿ ಮುಚ್ಚಿಕೊಂಡಿದ್ದರು. ಇಬ್ಬರು ಸೇರಿ ರೆಪ್ಪೆ ಬಿಡಿಸಿ ಹಿಡಿಯಬೇಕಾಯಿತು. ಹತ್ತನೇ ಕ್ಲಾಸಿನ ಮಕ್ಕಳು ಬಾವಿಯಿಂದ ಸೇದಿ ಸೇದಿ ತಂದು ಕೊಟ್ಟರು.

ಆ ಗಡಿಬಿಡಿಯಲ್ಲಿ ಸಹೋದ್ಯೋಗಿಯೊಬ್ಬರು ಅರ್ಧ ಲಿಂಬೆಹುಳಿ ಹಿಡಿದುಕೊಂಡು ಓಡಿ ಬಂದರು. "ಸೋಡ ಅಲ್ವಾ, ಹುಳಿ ಹಾಕಿದರೆ ಸರಿಹೋಗ್ತದೆ, ಪಾಠದಲ್ಲೇ ಉಂಟಲ್ಲ" ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಆದರೆ ದಯವಿಟ್ಟು ಇದನ್ನು ಯಾರೂ ಮಾಡಬೇಡಿ. ಆಮ್ಲವೂ ಪ್ರತ್ಯಾಮ್ಲವೂ ಸೇರಿದಾಗ ಬಿಸಿ ಹುಟ್ಟುತ್ತದೆ, ಅದೂ ಕಣ್ಣಿನೊಳಗೇ. ಲಿಂಬೆರಸ ತನ್ನಷ್ಟಕ್ಕೇ ಕಣ್ಣನ್ನು ಉರಿಸುತ್ತದೆ. ಆಸಿಡ್ ಬಿದ್ದರೆ ಸೋಡ, ಸೋಡ ಬಿದ್ದರೆ ಹುಳಿ ಎಂಬ ಲೆಕ್ಕ ಬೀಕರಿಗೆ ಸರಿ, ಮನುಷ್ಯರ ಮೈಗೆ ಅಲ್ಲ. ಕಣ್ಣಿಗೆ ನೀರು ಮಾತ್ರ. ಕಡಿಮೆ ಎಂದರೂ ಇಪ್ಪತ್ತು, ಮೂವತ್ತು ನಿಮಿಷ ನಿಲ್ಲಿಸದೆ ಸುರಿಯಬೇಕು, ಆಸ್ಪತ್ರೆಗೆ ಹೋಗುವ ದಾರಿಯಲ್ಲೂ ಸುರಿಯುತ್ತಲೇ ಇರಬೇಕು.

ಆಸ್ಪತ್ರೆಯಲ್ಲಿ ಡಾಕ್ಟರು ಮೊದಲು ಕೇಳಿದ್ದು, "ಏನು ಬಿದ್ದದ್ದು? ಎಷ್ಟು ಸ್ಟ್ರಾಂಗ್?" ಸೋಡ ಇರಬೇಕು ಎಂಬ ಊಹೆ ಬಿಟ್ಟರೆ ನಮ್ಮ ಹತ್ತಿರ ಉತ್ತರ ಇರಲಿಲ್ಲ. ಹಿಂದಿನ ವರ್ಷ ಅದನ್ನು ಮಾಡಿಟ್ಟವರು ವರ್ಗವಾಗಿ ಹೋಗಿದ್ದರು. ಅವರಿಗೆ ಫೋನ್ ಮಾಡಿ ಕೇಳಿದ ಮೇಲೆ, ಲವಣದಲ್ಲಿ ಏನಿದೆ ಎಂದು ಪತ್ತೆ ಮಾಡುವ ಸಾಲ್ಟ್ ಅನಾಲಿಸಿಸ್‌ಗೆ ಮಾಡಿದ ಸೋಡಿಯಂ ಹೈಡ್ರಾಕ್ಸೈಡ್, ಸುಮಾರು ಶೇಕಡಾ 10ರದ್ದು ಎಂದು ಗೊತ್ತಾಯಿತು. ಅಷ್ಟರಲ್ಲಿ ಡಾಕ್ಟರು ಒಂದು ಚೂರು ಪಿಎಚ್ ಕಾಗದವನ್ನು ಅಕ್ಕನ ಕೆಳರೆಪ್ಪೆಯ ಒಳಗೆ ತಾಗಿಸಿದರು. ನಾವು ಕ್ಲಾಸಿನಲ್ಲಿ ಮಕ್ಕಳಿಗೆ ಹಂಚುತ್ತೇವಲ್ಲ, ಅದೇ ಕಾಗದ. ಅಷ್ಟು ಕೊಡ ನೀರು ಸುರಿದ ಮೇಲೂ ಅದು ನೀಲಿಗೆ ತಿರುಗಿತು, ಅಂದರೆ ಸೋಡ ಇನ್ನೂ ಉಳಿದಿತ್ತು. ಮತ್ತೆ ಡ್ರಿಪ್ಪಿನ ನಳಿಕೆಯಿಂದ ಸಲೈನ್ ಬಿಟ್ಟು ತೊಳೆದರು. ರೆಪ್ಪೆ ಮಡಚಿ ಒಳಗೂ ತೊಳೆದರು. ಕಾಗದ ಹಸಿರಿಗೆ ಬಂದು, ಪಿಎಚ್ 7ರ ಹತ್ತಿರ ನಿಲ್ಲುವವರೆಗೂ ಬಿಡಲಿಲ್ಲ.

ಕಣ್ಣು ಉಳಿಯಿತು. ಆದರೆ ಕಾರ್ನಿಯಾದ (ಕಣ್ಣಿನ ಮುಂದಿನ ಪಾರದರ್ಶಕ ಪದರ) ಮೇಲೆ ಕಲೆ ಉಳಿದಿದೆ, ಆ ಕಣ್ಣಿಗೆ ಈಗಲೂ ಮಂಜು ಮಂಜು. ನೀರು ಸಿಗುವುದು ಇನ್ನಷ್ಟು ತಡವಾಗಿದ್ದರೆ ಏನಾಗುತ್ತಿತ್ತೋ.

ಅಲ್ಲಿ ಡಾಕ್ಟರು ಹೇಳಿದ ಒಂದು ಮಾತನ್ನು ಎಲ್ಲ ಲ್ಯಾಬಿನವರೂ ತಿಳಿದಿರಬೇಕು. ಸಾಮಾನ್ಯವಾಗಿ ಆಸಿಡ್ ಬಿದ್ದಾಗ ಮೇಲಿನ ಪದರದ ಪ್ರೋಟೀನ್ ಹೆಪ್ಪುಗಟ್ಟಿ, ಒಳಗೆ ಇಳಿಯುವುದಕ್ಕೆ ಸ್ವಲ್ಪ ತಡೆಯಾಗುತ್ತದೆ. ಸೋಡ ಹಾಗಲ್ಲ. ಅದು ಜೀವಕೋಶದ ಕೊಬ್ಬನ್ನೇ ಸಾಬೂನು ಮಾಡಿಕೊಂಡು ಒಳಗೊಳಗೆ ಇಳಿಯುತ್ತಾ ಹೋಗುತ್ತದೆ. ಬೆರಳಿಗೆ ತಾಗಿದಾಗ ಜಾರುತ್ತದಲ್ಲ, ಅದು ನಮ್ಮ ಚರ್ಮವೇ ಕರಗಲು ಶುರುವಾದ ಲಕ್ಷಣ. ಮೊದಲಿಗೆ ಉರಿ ಕಡಿಮೆ ಇರಬಹುದು, ಅದಕ್ಕೇ ಜನ ಸುಮ್ನೆ ಒರೆಸಿಕೊಂಡು ಬಿಟ್ಟುಬಿಡುತ್ತಾರೆ. ಕಣ್ಣಿನ ವಿಷಯದಲ್ಲಂತೂ ಸೋಡ ಅನೇಕ ಸಲ ಆಸಿಡ್‌ಗಿಂತ ಜಾಸ್ತಿ ಕೆಡುಕು ಮಾಡುತ್ತದೆ.

ಬಿರಡೆ ಯಾಕೆ ಅಂಟಿಕೊಂಡಿತು? ಇದಕ್ಕೆ ದೊಡ್ಡ ವಿಜ್ಞಾನ ಬೇಡ. ಸೋಡ ಗಾಜನ್ನು ನಿಧಾನವಾಗಿ ತಿನ್ನುತ್ತದೆ. ಬಿರಡೆಯ ಉಜ್ಜಿದ ಗಾಜಿನ ಸಂದಿಗೆ ಹತ್ತಿದ ದ್ರಾವಣ ಅಲ್ಲಿ ಸೋಡಿಯಂ ಸಿಲಿಕೇಟ್ ಆಗುತ್ತದೆ, ಅದು ಅಂಟು. ಹೊರಗೆ ಗಾಳಿಯ ಇಂಗಾಲದ ಡೈಆಕ್ಸೈಡ್ ಸೇರಿ ಕಾರ್ಬೊನೇಟ್ ಆಗಿ ಬಿಳಿ ಹುಡಿ ಕಟ್ಟುತ್ತದೆ. ಕೆಲವು ತಿಂಗಳು ಹಾಗೇ ಬಿಟ್ಟರೆ ಬಿರಡೆಯೂ ಬಾಟಲಿಯೂ ಒಂದೇ ಗಾಜಾಗಿಬಿಡುತ್ತವೆ. ಬ್ಯೂರೆಟ್‌ನಲ್ಲಿ ಸೋಡ ಬಿಟ್ಟು ಮನೆಗೆ ಹೋದರೆ ಆ ಅಳತೆ ಕೊಳವೆಯ ಗಾಜಿನ ನಳ್ಳಿಗೂ ಇದೇ ಗತಿ. ಅದಕ್ಕೇ ಸೋಡಕ್ಕೆ ದಪ್ಪ ಪ್ಲಾಸ್ಟಿಕ್ ಬಾಟಲಿ, ತಿರುಗಿಸುವ ಪ್ಲಾಸ್ಟಿಕ್ ಮುಚ್ಚಳವೇ ಸರಿ. ಪ್ಲಾಸ್ಟಿಕ್ ಎಂದ ಕೂಡಲೇ ಕುಡಿಯುವ ನೀರಿನ ಅಥವಾ ಶರಬತ್ತಿನ ಖಾಲಿ ಬಾಟಲಿ ಹುಡುಕಬೇಡಿ. ಮಕ್ಕಳು ಓಡಾಡುವ ಜಾಗ ಅದು.

ಈಗಾಗಲೇ ಅಂಟಿಕೊಂಡ ಬಾಟಲಿ ನಿಮ್ಮಲ್ಲಿದ್ದರೆ ತೆಗೆಯಲು ಹೋಗಲೇಬೇಡಿ. ಬಡಿಯುವುದು, ಇಕ್ಕಳ ಹಾಕುವುದು, ದೀಪಕ್ಕೆ ಹಿಡಿಯುವುದು ಯಾವುದೂ ಬೇಡ. ಬಾಟಲಿಯನ್ನು ಒಂದು ಪ್ಲಾಸ್ಟಿಕ್ ಬಕೆಟ್ಟಿನೊಳಗೆ ನೆಟ್ಟಗೆ ಇಟ್ಟು, ಮೇಲೆ ದೊಡ್ಡದಾಗಿ ಬರೆದು, ಬೀಗದೊಳಗಿಡಿ. ಹತ್ತಿರದ ಡಿಗ್ರಿ ಅಥವಾ ಇಂಜಿನಿಯರಿಂಗ್ ಕಾಲೇಜಿನ ಕೆಮಿಸ್ಟ್ರಿ ವಿಭಾಗದವರನ್ನು ಕೇಳಿ. ಮಣಿಪಾಲ, ಸುರತ್ಕಲ್, ಮಂಗಳೂರು ಸುತ್ತ ಇಂಥ ಕಾಲೇಜುಗಳಿಗೆ ಬರವಿಲ್ಲ. ಒಂದು ಬಾಟಲಿ ಹೋದರೆ ಹೋಯಿತು.

ದ್ರಾವಣ ಮಾಡುವಾಗಲೂ ಸೋಡದ ಬಗ್ಗೆ ಉದಾಸೀನ ಬೇಡ. ಆಮ್ಲವನ್ನಾಗಲೀ ಪ್ರತ್ಯಾಮ್ಲವನ್ನಾಗಲೀ ನೀರಿನಲ್ಲಿ ಕರಗಿಸಿದರೆ ತುಂಬಾ ಬಿಸಿ ಹುಟ್ಟುತ್ತದೆ ಎಂದು ಹತ್ತನೇ ಕ್ಲಾಸಿನ ಪುಸ್ತಕದಲ್ಲೇ ಇದೆ. ನಾವು ಅದರಲ್ಲಿ ಆಮ್ಲವನ್ನು ಮಾತ್ರ ನೆನಪಿಟ್ಟುಕೊಳ್ಳುತ್ತೇವೆ. ಒಂದು ಲೀಟರ್ 1 ಮೋಲಾರ್ (ಎಷ್ಟು ಪ್ರಬಲ ಎಂಬುದರ ಅಳತೆ) ದ್ರಾವಣಕ್ಕೆ 40 ಗ್ರಾಂ ಸೋಡ ಬೇಕು. ಅಷ್ಟನ್ನೂ ಸ್ವಲ್ಪವೇ ನೀರಿಗೆ ಒಮ್ಮೆಲೇ ಸುರಿದರೆ ಬೀಕರ್ ಕೈ ಸುಡುವಷ್ಟು ಕಾಯುತ್ತದೆ, ದ್ರಾವಣ ಕೊತಕೊತ ಕುದಿದು ಸಿಡಿಯಲೂಬಹುದು. ಮೊದಲು ಅರ್ಧ ಲೀಟರಿಗಿಂತ ಜಾಸ್ತಿ ತಣ್ಣೀರು, ಅದಕ್ಕೆ ಸೋಡದ ಗುಳಿಗೆಗಳು (ಪೆಲೆಟ್) ಸ್ವಲ್ಪ ಸ್ವಲ್ಪವೇ, ಕಲಕುತ್ತಾ. ತಣಿದ ಮೇಲೆ ಲೀಟರಿಗೆ ತುಂಬಿಸಿ. ಬಿಸಿ ಇರುವಾಗಲೇ ಮುಚ್ಚಳ ಬಿಗಿಯಬೇಡಿ.

ಕರಾವಳಿಯವರಿಗೆ ಇನ್ನೊಂದು ಕಷ್ಟ ಇದೆ. ನಮ್ಮ ಗಾಳಿಯೇ ಒದ್ದೆ. ಜೂನ್, ಜುಲೈಯಲ್ಲಿ ಸೋಡದ ಪೆಲೆಟ್ ತೂಗಿ, ಅಂಕೆ ಬರೆದು ತಿರುಗುವಷ್ಟರಲ್ಲಿ ಅದು ಬೆವರಿ ಹೊಳೆಯುತ್ತಿರುತ್ತದೆ. ಕಾಗದದ ಮೇಲೆ ತೂಗಿದರೆ ಕಾಗದಕ್ಕೇ ಅಂಟುತ್ತದೆ, ವಾಚ್ ಗ್ಲಾಸಿನಲ್ಲಿ (ಸಣ್ಣ ಗಾಜಿನ ತಟ್ಟೆ) ತೂಗಿ. ಮೇಜಿನ ಮೇಲೆ ಒಂದು ಪೆಲೆಟ್ ಬಿದ್ದರೆ ಸ್ವಲ್ಪ ಹೊತ್ತಿಗೆ ಅದು ಕಾಣುವುದಿಲ್ಲ, ಅಲ್ಲೊಂದು ನೀರಿನ ಹನಿ ಇರುತ್ತದೆ ಅಷ್ಟೆ. ಮಗು ಅದರ ಮೇಲೆ ಮೊಣಕೈ ಊರಿ ರೆಕಾರ್ಡ್ ಬರೆಯಲು ಕೂರುತ್ತದೆ. ತೂಗಿದ ಜಾಗವನ್ನು ಗ್ಲೌಸ್ ಹಾಕಿಕೊಂಡು ಒದ್ದೆ ಬಟ್ಟೆಯಿಂದ ಕೂಡಲೇ ಒರೆಸಿ. ತೂಕವೂ ಈ ಕಾರಣಕ್ಕೇ ಸರಿ ಬರುವುದಿಲ್ಲ. ಲೀಟರಿಗೆ 4 ಗ್ರಾಂ ಹಾಕಿದ್ದೇವೆ, 0.1 ಮೋಲಾರ್ ಆಯಿತು ಎಂದು ನಂಬಬೇಡಿ. ಲೀಟರಿಗೆ 6.3 ಗ್ರಾಂ ಆಕ್ಸಾಲಿಕ್ ಆಸಿಡ್ ಹರಳು ಹಾಕಿದ 0.05 ಮೋಲಾರ್ ದ್ರಾವಣದೊಂದಿಗೆ ಟೈಟ್ರೇಷನ್ ಮಾಡಿ, ಅಂದರೆ ಹನಿ ಹನಿಯಾಗಿ ಸೇರಿಸಿ ಅಳೆದು, ನಿಜವಾಗಿ ಎಷ್ಟು ಪ್ರಬಲ ಎಂದು ನೋಡಿಕೊಳ್ಳಿ.

ಆಸಿಡ್‌ಗಳ ಬಗ್ಗೆ ಹೆಚ್ಚಿನವರಿಗೆ ಗೊತ್ತಿರುವುದೇ, ಆದರೂ ಬರೆಯುತ್ತೇನೆ. ನೀರಿಗೆ ಆಸಿಡ್, ಆಸಿಡ್‌ಗೆ ನೀರಲ್ಲ. ಒಂದು ಲೀಟರ್ 1 ಮೋಲಾರ್ ಸಲ್ಫ್ಯೂರಿಕ್‌ಗೆ ಶೇಕಡಾ 98ರ ಆಸಿಡ್ ಸುಮಾರು 55 ಎಂಎಲ್ ಸಾಕು. ಹೈಡ್ರೋಕ್ಲೋರಿಕ್ ಆದರೆ ಶೇಕಡಾ 36ರದ್ದು ಸುಮಾರು 86 ಎಂಎಲ್. ಅಂದಾಜಿನಲ್ಲಿ ಬಗ್ಗಿಸುವ ಅಭ್ಯಾಸ ಎಷ್ಟು ಅನುಭವ ಇದ್ದರೂ ಬೇಡ. ಹೈಡ್ರೋಕ್ಲೋರಿಕ್ ಬಾಟಲಿಯನ್ನು ಕಬ್ಬಿಣದ ಕಪಾಟಿನಲ್ಲಿಟ್ಟರೆ ಅದರ ಹೊಗೆಗೆ ಕಪಾಟು ತುಕ್ಕು ಹಿಡಿದು, ತಟ್ಟೆಯೇ ಕುಸಿಯುವ ಸ್ಥಿತಿಗೆ ಬರುತ್ತದೆ. ಬಾಟಲಿಗಳ ಮೇಲೆ ಬಿಳಿ ಪುಡಿ ಕೂತಿದ್ದರೆ ಅಮೋನಿಯಾವನ್ನೂ ಹೈಡ್ರೋಕ್ಲೋರಿಕನ್ನೂ ಒಟ್ಟಿಗೆ ಇಟ್ಟಿರುವ ಸಾಧ್ಯತೆ ಹೆಚ್ಚು, ಬೇರೆ ಮಾಡಿ. ನೈಟ್ರಿಕ್ ಆಸಿಡ್ ಹತ್ತಿರ ಸ್ಪಿರಿಟ್ ಇಡಲೇಬೇಡಿ. ಏಪ್ರಿಲ್ ಸೆಕೆಗೆ ಅಮೋನಿಯಾ ಬಾಟಲಿಯೊಳಗೆ ಒತ್ತಡ ಏರಿರುತ್ತದೆ, ತಣ್ಣೀರಿನಲ್ಲಿಟ್ಟು ತಣಿಸಿ, ಮುಖ ದೂರ ಇಟ್ಟು ತೆರೆಯಿರಿ. ಎಲ್ಲವೂ ಕಣ್ಣಿನ ಮಟ್ಟಕ್ಕಿಂತ ಕೆಳಗಿನ ತಟ್ಟೆಯಲ್ಲಿರಲಿ.

ಲೇಬಲ್ ಮಾತ್ರ ಇವತ್ತೇ ಸರಿಮಾಡಿ. ಹೆಸರು, ಎಷ್ಟು ಪ್ರಬಲ, ಮಾಡಿದ ತಾರೀಕು, ಮಾಡಿದವರ ಹೆಸರು, ಈ ನಾಲ್ಕೂ ಇರಲಿ. ಅಳಿಸದ ಮಾರ್ಕರಿನಲ್ಲಿ ಕನ್ನಡದಲ್ಲಿ ಬರೆಯಿರಿ, ಅಟೆಂಡರುಗಳು ಓದಬೇಕಲ್ವಾ? ಮೇಲೆ ಅಗಲದ ಪಾರದರ್ಶಕ ಟೇಪ್ ಸುತ್ತಿ, ಇಲ್ಲದಿದ್ದರೆ ನಮ್ಮ ಮಳೆಗಾಲ ದಾಟುವುದಿಲ್ಲ. ಕಣ್ಣಿಗೆ ಸುತ್ತಲೂ ಮುಚ್ಚುವ ಕನ್ನಡಕವನ್ನು ಮೇಷ್ಟ್ರುಗಳಿಗೆ ಮಾತ್ರ ಅಲ್ಲ, ಬಾಟಲಿ ತೊಳೆಯುವವರಿಗೂ ಕೊಡಿ.

ಲ್ಯಾಬಿನಲ್ಲಿ ಮುಚ್ಚಳ ಇರುವ ಡ್ರಮ್ಮಿನಲ್ಲಿ ಶುದ್ಧ ನೀರು, ಪಕ್ಕದಲ್ಲಿ ಒಂದು ಮಗ್ ಯಾವಾಗಲೂ ಇರಲಿ. ಮಳೆಗಾಲದಲ್ಲಿ ಕರೆಂಟಿಲ್ಲ, ಬೇಸಿಗೆಯಲ್ಲಿ ನೀರೇ ಇಲ್ಲ. ಉಡುಪಿಗೆ ಬಜೆ, ಮಂಗಳೂರಿಗೆ ತುಂಬೆ, ಎರಡೂ ಕಡೆ ಅಣೆಕಟ್ಟಿನಲ್ಲಿ ನೀರು ಇಳಿದಾಗ ಸರದಿಯ ಮೇಲೆ ನೀರು ಬಿಟ್ಟದ್ದನ್ನು 2019ರಲ್ಲಿ ಕಂಡಿದ್ದೇವೆ. ನಳ್ಳಿಯನ್ನು ನಂಬಿ ಪ್ರಾಕ್ಟಿಕಲ್ ಮಾಡಬಾರದು. ಡ್ರಮ್ಮಿನ ನೀರನ್ನು ವಾರಕ್ಕೊಮ್ಮೆ ಬದಲಿಸಿ.

ಉಳಿದ ದ್ರಾವಣವನ್ನು ಹಿತ್ತಲಿಗೆ ಚೆಲ್ಲುವ ಅಭ್ಯಾಸ ನಮ್ಮ ಕಡೆ ತುಂಬಾ ಇದೆ. ಮುರಕಲ್ಲಿನ (ಜಂಬಿಟ್ಟಿಗೆ) ನೆಲ ನೀರನ್ನು ತಡೆಯುವುದಿಲ್ಲ, ಇಲ್ಲಿ ಚೆಲ್ಲಿದ್ದು ಅಲ್ಲಿ ಬಾವಿಗೆ ಇಳಿಯಬಹುದು. ಟೈಟ್ರೇಷನ್ ಮುಗಿದ ತೆಳು ಹೈಡ್ರೋಕ್ಲೋರಿಕನ್ನೂ ಸೋಡವನ್ನೂ ಜಾಸ್ತಿ ನೀರಿರುವ ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ನಿಧಾನವಾಗಿ ಸೇರಿಸಿ, ಲಿಟ್ಮಸ್‌ನಿಂದ ನೋಡಿ, ತಟಸ್ಥ ಆದ ಮೇಲೆ ಸಿಂಕಿಗೆ ಬಿಡಿ. ಸಾಲ್ಟ್ ಅನಾಲಿಸಿಸ್‌ನಲ್ಲಿ ಸೀಸದಂಥ ಲೋಹಗಳ ಲವಣ ಬಳಸಿದ್ದರೆ ಆ ನೀರನ್ನು ಸಿಂಕಿಗೂ ಬಿಡಬೇಡಿ. ಬೇರೆ ಬಾಟಲಿಯಲ್ಲಿ ಹೆಸರು ಬರೆದು ಶೇಖರಿಸಿಡಿ.